2 ಯುವಾನಿನ ಗುಡ್ಡ, 30 ಯುವಾನಿನ ಕೆರೆ: ಬೀಜಿಂಗ್ ಪಾರ್ಕುಗಳಲ್ಲಿ ಅಮ್ಮನ ಜೊತೆ

ಬೀಜಿಂಗ್‌ಗೆ ಹೋಗಿ ಬಂದವರನ್ನು ಯಾರನ್ನೇ ಕೇಳಿ, ಸಮ್ಮರ್ ಪ್ಯಾಲೇಸ್, ಅಂದರೆ ಚಕ್ರವರ್ತಿಗಳ ಬೇಸಿಗೆ ಅರಮನೆ, ಅದನ್ನು ಮಾತ್ರ ಬಿಡಬೇಡಿ ಅಂತಾರೆ. ನಾವೂ ಬಿಡಲಿಲ್ಲ. ತಮ್ಮ ಅಲ್ಲಿ ಕೆಲಸಕ್ಕಿದ್ದಾನೆ. ಅಕ್ಟೋಬರ್ ಕೊನೆಯಲ್ಲಿ ನಾನು, ಅಮ್ಮ ಅವನ ಮನೆಯಲ್ಲಿ ಹತ್ತು ದಿನ ಇದ್ದೆವು. ಬಂದ ಮೂರನೇ ದಿನವೇ ಅಲ್ಲಿಗೆ ಹೊರಟೆವು. ಮೆಟ್ರೋ 4ನೇ ಲೈನಿನಲ್ಲಿ ಬೇಗೊಂಗ್‌ಮೆನ್ ಅಂತ ಒಂದು ಸ್ಟೇಷನ್. ಇಳಿದರೆ ಗೇಟು ಹತ್ತಿರದಲ್ಲೇ. ಇಷ್ಟು ಹತ್ತಿರ ಇರುವಾಗ ಬೇರೆ ಗೇಟು ಯಾಕೆ ಅಂತ ಸೀದಾ ಒಳಗೆ ನುಗ್ಗಿದೆವು.

ಎಡವಿದ್ದು ಅಲ್ಲೇ. ಅದು ಉತ್ತರದ ಗೇಟು. ನೋಡಬೇಕಾದ ಕೆರೆ ಇರುವುದು ದಕ್ಷಿಣಕ್ಕೆ. ನಡುವೆ ವಾನ್‌ಶೌ ಗುಡ್ಡ, 60 ಮೀಟರ್ ಎತ್ತರ. ಕೇಳೋಕೆ ಏನೂ ಅಲ್ಲ. ಆದರೆ ಮೆಟ್ಟಿಲುಗಳು ಕಡಿದು, ಒಂದೊಂದು ಒಂದೊಂದು ಎತ್ತರ. ಅಮ್ಮನಿಗೆ 68, ಮಂಡಿ ನೋವು ಬೇರೆ. ಅರ್ಧ ಹತ್ತಿ ಒಂದು ಕಟ್ಟೆ ಮೇಲೆ ಕೂತು, 'ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ' ಅಂದರು. ಗುಡ್ಡ ಹತ್ತದೆ ಪಕ್ಕದಿಂದ ಸುತ್ತಿ ಬರುವ ದಾರಿಯೂ ಇದೆ ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

ಆವತ್ತೇ ನಿರ್ಧಾರ ಮಾಡಿದೆ. ಇನ್ಮೇಲೆ ಪಾರ್ಕುಗಳನ್ನು ಅಮ್ಮನ ಮಂಡಿಯಿಂದಲೇ ಅಳೆಯುವುದು. ಮೆಟ್ಟಿಲು ಎಷ್ಟು, ಕೂರೋಕೆ ಜಾಗ ಎಲ್ಲಿ, ಟಾಯ್ಲೆಟ್ ಎಷ್ಟು ದೂರ, ನಮ್ಮಂಥ ಸಸ್ಯಾಹಾರಿಗಳ ಬಾಯಿಗೆ ಏನಾದರೂ ಸಿಗುತ್ತಾ. ಚಂದ ಇದೆಯಾ ಅನ್ನೋದು ಆಮೇಲಿನ ಮಾತು. ಬೀಜಿಂಗ್‌ನಲ್ಲಿ ಚಂದ ಇಲ್ಲದ ಪಾರ್ಕು ನನಗಂತೂ ಸಿಗಲಿಲ್ಲ.

ಮರುದಿನ ಥಿಯೆನ್‌ಥಾನ್, ಅಂದರೆ ಸ್ವರ್ಗ ದೇಗುಲದ ಪಾರ್ಕು. ಇಲ್ಲಿ ತಮ್ಮ ಒಂದು ಜಾಣತನ ಮಾಡಿದ. ಬೆಳಿಗ್ಗೆ ಐದೂವರೆಗೇ ಎಬ್ಬಿಸಿದ. ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ಎಲ್ಲ ಏರಿಸಿಕೊಂಡು ಮೆಟ್ರೋ ಹತ್ತಿ 5ನೇ ಲೈನಿನ ಥಿಯೆನ್‌ಥಾನ್ ದೊಂಗ್‌ಮೆನ್ ಸ್ಟೇಷನ್‌ನಲ್ಲಿ ಇಳಿದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಪೂರ್ವದ ಗೇಟು ಅಲ್ಲೇ. ಮೆಟ್ಟಿಲಿಲ್ಲ, ಏರಿಲ್ಲ. ಒಳಗೆ ಹೋದರೆ ಅಷ್ಟು ಹೊತ್ತಿಗಾಗಲೇ ಜಾತ್ರೆ!

ಪ್ರವಾಸಿಗಳ ಜಾತ್ರೆ ಅಲ್ಲ, ಊರವರದ್ದು. ಒಂದು ಕಡೆ ಥಾಯ್‌ಚಿ. ಇನ್ನೊಂದು ಕಡೆ ಸ್ಪೀಕರ್ ಇಟ್ಟುಕೊಂಡು ಜೋಡಿ ನೃತ್ಯ. ಮತ್ತೊಂದು ಕಡೆ ಎಪ್ಪತ್ತರ ಆಸುಪಾಸಿನ ಅಜ್ಜನೊಬ್ಬ ವ್ಯಾಯಾಮದ ಕಂಬಿಗೆ ಜೋತುಬಿದ್ದು ಗರಗರ ತಿರುಗುತ್ತಿದ್ದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಮ್ಮ ಮಾತ್ರ, 'ಇವನಿಗೆ ಮಂಡಿ ನೋವಿಲ್ಲ ಅಂತ ಕಾಣುತ್ತೆ' ಅಂದರು, ಹೊಟ್ಟೆಕಿಚ್ಚಿನಲ್ಲಿ. ನಾಲ್ಕು ಜನ ದುಂಡಗೆ ನಿಂತು ಗರಿ ಕಟ್ಟಿದ ಒಂದು ಸಣ್ಣ ಬಿಲ್ಲೆಯನ್ನು ಕಾಲಲ್ಲೇ ಒದ್ದು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಅದಕ್ಕೆ ಜಿಯೆನ್‌ಜಿ ಅಂತಾರೆ. ನನ್ನ ಕಡೆಗೂ ಒಂದು ಸಲ ಒದ್ದರು. ನಾನು ಒದ್ದಿದ್ದು ಗಾಳಿಯನ್ನು.

ಮುಖ್ಯ ಮಂದಿರಕ್ಕೆ ಹೋಗುವ ದಾರಿಯಲ್ಲಿ ಒಂದು ಉದ್ದ ಪಡಸಾಲೆ ಇದೆ, 72 ಅಂಕಣದ್ದು. ಹಿಂದೆ ಬಲಿಪೂಜೆಯ ಸಾಮಗ್ರಿಯನ್ನು ಅಡುಗೆಮನೆಯಿಂದ ಮಂದಿರಕ್ಕೆ ಒಯ್ಯುತ್ತಿದ್ದುದು ಇದೇ ಪಡಸಾಲೆಯ ಅಡಿಯಲ್ಲಿ. ಈಗ ಅಲ್ಲಿ ಇಸ್ಪೀಟು. ಕಟ್ಟೆ ತುಂಬ ಹಿರಿಯರು, ಪಕ್ಕದಲ್ಲಿ ಒಂದೊಂದು ಥರ್ಮಾಸು, ಎಲೆ ಹಾಕುವಾಗ ಕಟ್ಟೆಗೆ ಫಟ್ ಅಂತ ಒಂದು ಏಟು. ಹೆಣಿಗೆ ಹಾಕುತ್ತಿದ್ದ ಒಬ್ಬ ಅಜ್ಜಿ ಸರಿದು ಅಮ್ಮನಿಗೆ ಜಾಗ ಕೊಟ್ಟರು. ಅಮ್ಮನಿಗೂ ಹೆಣಿಗೆ ಗೊತ್ತು. ಭಾಷೆ ಒಂದಕ್ಷರ ಗೊತ್ತಿಲ್ಲದೆ ಇಬ್ಬರೂ ಅರ್ಧ ಗಂಟೆ ಕೂತರು. ಹಾಕಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಿ ತೋರಿಸೋದು, ತಲೆ ಆಡಿಸೋದು, ನಗೋದು. ನಾನು, ತಮ್ಮ ಅಷ್ಟರಲ್ಲಿ ಮಂದಿರ ನೋಡಿ ಬಂದೆವು. ಪಾರ್ಕಿನ ಗೇಟು ಆರಕ್ಕೇ ತೆಗೆದರೂ ಒಳಗಿನ ಮಂದಿರ ತೆಗೆಯುವುದು ಎಂಟಕ್ಕೆ. ಅಷ್ಟು ಬೇಗ ಹೋಗಿ ಏನು ಮಾಡೋದು ಅಂತ ಕೇಳುವವರಿಗೆ ಉತ್ತರ ಆ ಎರಡು ಗಂಟೆಯಲ್ಲೇ ಇದೆ.

ಮಂದಿರದ ಬಗ್ಗೆಯೂ ಹೇಳಬೇಕಲ್ವಾ. ಮೂರು ಸುತ್ತಿನ ನೀಲಿ ಹೆಂಚಿನ ಛಾವಣಿ, ಒಳಗೆ 28 ಮರದ ಕಂಬ, ಮೊಳೆ ಇಲ್ಲದೆ ನಿಲ್ಲಿಸಿದ ಕಟ್ಟಡ. ನಡುವಿನ 4 ಕಂಬ ಋತುಗಳಿಗೆ, ಆಮೇಲಿನ 12 ತಿಂಗಳಿಗೆ, ಹೊರಗಿನ 12 ದಿನದ ಹೊತ್ತುಗಳಿಗೆ. ಚಕ್ರವರ್ತಿ ಇಲ್ಲಿ ಒಳ್ಳೆ ಬೆಳೆಗಾಗಿ ಪ್ರಾರ್ಥನೆ ಮಾಡುತ್ತಿದ್ದ. ಮೊದಲು ಕಟ್ಟಿದ್ದು 1420ರಲ್ಲಿ. 1889ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು, ಈಗ ಇರುವುದು ಆಮೇಲೆ ಮತ್ತೆ ಎಬ್ಬಿಸಿದ್ದು. ಪಿಸುಗುಟ್ಟಿದರೆ ಆ ತುದಿಗೆ ಕೇಳುವ ಗೋಡೆ ಅಂತ ಒಂದಿದೆ. ಒಂಬತ್ತು ಗಂಟೆಯ ಹೊತ್ತಿಗೆ ಅಲ್ಲಿ ಎಲ್ಲರೂ ಕಿರುಚುತ್ತಿದ್ದರು. ಅದಕ್ಕೆ ನನ್ನ ಕಡೆಯಿಂದ ಸೊನ್ನೆ.

ಒಂದೇ ತೊಂದರೆ ಅಂದರೆ ದೂರ. 273 ಹೆಕ್ಟೇರ್, ಹೆಚ್ಚು ಕಡಿಮೆ ಮೂರು ಲಾಲ್‌ಬಾಗ್. ಪೂರ್ವದ ಗೇಟಲ್ಲಿ ಹೋಗಿ ಮಂದಿರ ನೋಡಿ ಅದೇ ಗೇಟಲ್ಲಿ ವಾಪಸ್ ಬಂದರೆ ಸುಲಭ. ದಕ್ಷಿಣದ ವೃತ್ತಾಕಾರದ ವೇದಿಕೆಯನ್ನೂ ನೋಡ್ತೀನಿ ಅಂದರೆ ಕಾಲಿಗೆ ಕೆಲಸ ಜಾಸ್ತಿ. ಗೇಟಿನ ಟಿಕೆಟ್ 15 ಯುವಾನ್, ಮಂದಿರ ಎಲ್ಲ ಸೇರಿ 34.

ಇನ್ನು ಜಿಂಗ್‌ಶಾನ್ ಮತ್ತು ಬೇಹಾಯ್. ಇವೆರಡೂ ಅಕ್ಕಪಕ್ಕದ ಮನೆಯವರಿದ್ದಂತೆ. ಊರ ನಡುವಿನ ಚಕ್ರವರ್ತಿಗಳ ಅರಮನೆ, ಅಂದರೆ ಫರ್ಬಿಡನ್ ಸಿಟಿಯ ಉತ್ತರ ಬಾಗಿಲಿಂದ ಹೊರಗೆ ಬಿದ್ದರೆ ಎದುರಿಗೇ ಜಿಂಗ್‌ಶಾನ್. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಬೇಹಾಯ್. ಅರಮನೆ ನೋಡಿ ಸುಸ್ತಾದ ಮೇಲೆ ಒಂದಕ್ಕೆ ಮಾತ್ರ ಶಕ್ತಿ ಉಳಿದಿರುತ್ತೆ. ಯಾವುದು?

ಜಿಂಗ್‌ಶಾನ್ ಟಿಕೆಟ್ 2 ಯುವಾನ್. ನಮ್ಮ ದುಡ್ಡಲ್ಲಿ ಇಪ್ಪತ್ತೈದು ರೂಪಾಯಿ ಆಸುಪಾಸು. ಬೀಜಿಂಗ್‌ನಲ್ಲಿ ಇದಕ್ಕಿಂತ ಅಗ್ಗದ ಖುಷಿ ನಾನು ಕಂಡಿಲ್ಲ. ಅರಮನೆಯ ಕಂದಕ ತೋಡಿದಾಗ ಬಂದ ಮಣ್ಣನ್ನು ಒಟ್ಟಿ ಮಾಡಿದ ಗುಡ್ಡ ಇದು. ಎತ್ತರ 45 ಮೀಟರಿಗೆ ಸ್ವಲ್ಪ ಜಾಸ್ತಿ. ನೆತ್ತಿಯ ಮೇಲಿನ ವಾನ್‌ಚುನ್ ಮಂಟಪದಲ್ಲಿ ನಿಂತರೆ ಇಡೀ ಅರಮನೆ ಕಾಲ ಕೆಳಗೆ. ಅರಮನೆಯ ಒಳಗೆ ಅರ್ಧ ದಿನ ಸುತ್ತಿದಾಗ ತಲೆಗೆ ಹತ್ತದ ನಕ್ಷೆ ಇಲ್ಲಿ ಒಂದು ನಿಮಿಷದಲ್ಲಿ ಹತ್ತಿತು. ಹಳದಿ ಛಾವಣಿಯ ಸಾಲು, ಅದರ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು. ಸಂಜೆ ನಾಲ್ಕೂವರೆಯ ಬಿಸಿಲು ಓರೆಯಾಗಿ ಬಿದ್ದು ಹೆಂಚುಗಳೆಲ್ಲ ಈಗಷ್ಟೇ ತುಪ್ಪ ಸವರಿದ ಹಾಗೆ. ತಿರುಗಿ ಉತ್ತರಕ್ಕೆ ನೋಡಿದರೆ ನಗಾರಿ ಗೋಪುರ, ಅದೇ ನೇರ ಗೆರೆಯಲ್ಲಿ. ಆ 7.8 ಕಿಲೋಮೀಟರ್ ಗೆರೆಗೇ 2024ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು.

ಮಿಂಗ್ ವಂಶದ ಕೊನೆಯ ಚಕ್ರವರ್ತಿ ಚೊಂಗ್‌ಜೆನ್ 1644ರಲ್ಲಿ ನೇಣು ಹಾಕಿಕೊಂಡ ಜಾಗವೂ ಇದೇ ಗುಡ್ಡದ ಬುಡದಲ್ಲಿದೆ. ಮರ ಹಳೆಯದಲ್ಲ, ಆಮೇಲೆ ನೆಟ್ಟಿದ್ದು. ಆದರೂ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಗುತ್ತಾ. ನನಗೆ ಯಾಕೋ ಕೈ ಬರಲಿಲ್ಲ.

ಅಮ್ಮ? ಅಮ್ಮ ಮೇಲೆ ಬರಲೇ ಇಲ್ಲ. ಕೆಳಗೆ ಒಂದಷ್ಟು ಹಿರಿಯರು ದುಂಡಗೆ ನಿಂತು ಗಟ್ಟಿ ದನಿಯಲ್ಲಿ ಹಾಡುತ್ತಿದ್ದರು. ಅದನ್ನು ಕೇಳುತ್ತಾ ಬೆಂಚಿನಲ್ಲಿ ಕೂತಿದ್ದರು. ಹಾಗಾಗಿ ಜಿಂಗ್‌ಶಾನ್ ನನ್ನ ಪಾಲಿಗೆ ಮೊದಲ ಸ್ಥಾನ, ಅಮ್ಮನ ಪಾಲಿಗೆ ಬರೀ ಒಂದು ಬೆಂಚು.

ಬೇಹಾಯ್‌ನಲ್ಲಿ ಇದು ತಿರುಗುಮುರುಗಾಯಿತು. ಪಾರ್ಕಿನ ಅರ್ಧಕ್ಕಿಂತ ಜಾಸ್ತಿ ಕೆರೆಯೇ. ನಡುಗಡ್ಡೆಯ ಮೇಲೆ ಬಿಳಿ ಸ್ತೂಪ, 1651ರಲ್ಲಿ ಟಿಬೆಟನ್ ಶೈಲಿಯಲ್ಲಿ ಕಟ್ಟಿದ್ದು. ಸ್ತೂಪದವರೆಗೆ ಮೆಟ್ಟಿಲು ಹತ್ತಬೇಕು, ಮೇಲಿಂದ ಕಾಣುವುದು ಜಿಂಗ್‌ಶಾನ್‌ನ ನೋಟದ ಮುಂದೆ ಸಪ್ಪೆ. ಅದನ್ನು ಬಿಟ್ಟುಬಿಡಿ. ಬೇಹಾಯ್ ಇರುವುದು ಕೆಳಗೆ, ನೀರಿನ ಅಂಚಲ್ಲಿ. ನಡುಗಡ್ಡೆಯಿಂದ ಉತ್ತರ ದಡಕ್ಕೆ ದೋಣಿ ಇದೆ. ಅಮ್ಮ ರಾಣಿಯ ಹಾಗೆ ಕೂತು ದಾಟಿದರು. ಆ ದಡದಲ್ಲಿ ಒಂಬತ್ತು ಡ್ರ್ಯಾಗನ್‌ಗಳ ಬಣ್ಣದ ಹೆಂಚಿನ ಗೋಡೆ ಇದೆ, ಎರಡೂ ಮೈಗೆ ಒಂಬತ್ತೊಂಬತ್ತು. ಹೊಳಪು ಹಾಗೇ ಇದೆ.

ಆದರೆ ಅಮ್ಮ ನಿಂತಿದ್ದು ಅದರ ಮುಂದೆ ಅಲ್ಲ. ದಾರಿಯಲ್ಲಿ ಒಬ್ಬರು ದೊಡ್ಡ ಕುಂಚವನ್ನು ಬಕೆಟ್ ನೀರಿಗೆ ಅದ್ದಿ ಚಪ್ಪಡಿ ಕಲ್ಲಿನ ಮೇಲೆ ಬರೆಯುತ್ತಿದ್ದರು. ಸೊಂಟದೆತ್ತರದ ಕೋಲಿನ ತುದಿಗೆ ಸ್ಪಂಜು. ಬಗ್ಗುವ ಹಾಗಿಲ್ಲ, ನಿಂತೇ ಬರೆಯೋದು. ಒಂದು ಚಪ್ಪಡಿಗೆ ಒಂದೇ ಅಕ್ಷರ. ಆರನೇ ಅಕ್ಷರಕ್ಕೆ ಬರುವ ಹೊತ್ತಿಗೆ ಮೊದಲನೆಯದು ಅಂಚಿನಿಂದ ಒಣಗಿ ಮಾಯವಾಗುತ್ತಿತ್ತು. ಅವರಿಗೆ ಅದರ ಚಿಂತೆಯೇ ಇಲ್ಲ. ಅಮ್ಮ ನೋಡಿ ನೋಡಿ, 'ಬಗ್ಗದೆ ರಂಗೋಲಿ ಹಾಕೋಕೆ ಇಂಥದ್ದೊಂದು ಸಿಗುತ್ತಾ ಕೇಳು' ಅಂದರು. ತಮ್ಮ ಕೇಳಿದ. ಆ ಮನುಷ್ಯ ನಗುತ್ತಾ ಕುಂಚವನ್ನೇ ಅಮ್ಮನ ಕೈಗೆ ಕೊಟ್ಟರು. ಅಮ್ಮ ನಾಲ್ಕು ಚುಕ್ಕಿ ಇಟ್ಟು ಸುತ್ತ ಎಳೆ ಎಳೆದರು. ನಾಲ್ಕೈದು ಮೊಬೈಲು ಮೇಲೆದ್ದವು. ಅದೂ ಒಣಗಿತು.

ತಿನ್ನುವ ವಿಷಯದಲ್ಲೂ ಬೇಹಾಯ್‌ದೇ ಮೇಲುಗೈ. ವಾನ್‌ದೌಹುವಾಂಗ್ ಅಂತ ಹಳದಿ ಬಟಾಣಿಯ ಸಿಹಿ ಸಿಗುತ್ತೆ. ಅರಮನೆಯ ತಿಂಡಿ ಅಂತ ಹೆಸರುವಾಸಿ. ಬಾಯಿಗೆ ಹಾಕಿದರೆ ಹೋಳಿಗೆಯಿಂದ ಕಣಕ ತೆಗೆದು ಹೂರಣ ಮಾತ್ರ ತಣ್ಣಗೆ ಕತ್ತರಿಸಿ ಕೊಟ್ಟ ಹಾಗೆ. ಸಿಹಿ ಕಡಿಮೆ, ಏಲಕ್ಕಿ ಇಲ್ಲ, ಆದರೂ ಪರವಾಗಿಲ್ಲ. ಬೇರೆ ಪಾರ್ಕುಗಳಲ್ಲಿ ನಮಗೆ ಸಿಕ್ಕಿದ್ದು ಬೇಯಿಸಿದ ಮುಸುಕಿನ ಜೋಳ, ಸಕ್ಕರೆ ಪಾಕ ಹಾಕಿ ಕಡ್ಡಿಗೆ ಚುಚ್ಚಿದ ಹುಳಿ ಹಣ್ಣು, ಅಷ್ಟೇ. ಬಿಸಿನೀರು ಮಾತ್ರ ಎಲ್ಲ ಕಡೆ ಸುಲಭವಾಗಿ ಸಿಕ್ಕಿತು. ಅಮ್ಮನ ಚೀನಾ ಪ್ರೀತಿ ಶುರುವಾಗಿದ್ದೇ ಅಲ್ಲಿಂದ.

ಯುವಾನ್‌ಮಿಂಗ್‌ಯುವಾನ್‌ಗೆ, ಅಂದರೆ ಹಳೆಯ ಬೇಸಿಗೆ ಅರಮನೆಗೆ, ನಾನೊಬ್ಬನೇ ಹೋದೆ. ಸಮತಟ್ಟು ಜಾಗ, ಕೊಳಗಳು, ಒಣಗಿದ ತಾವರೆ ಎಲೆ, ಮುರಿದು ಬಿದ್ದ ಅಮೃತಶಿಲೆಯ ಕಂಬಗಳು. 1860ರಲ್ಲಿ ಇಂಗ್ಲಿಷರು, ಫ್ರೆಂಚರು ಲೂಟಿ ಮಾಡಿದ ಜಾಗ. ಬೆಂಕಿ ಇಡಲು ಹೇಳಿದ ಲಾರ್ಡ್ ಎಲ್ಗಿನ್ ಎರಡೇ ವರ್ಷಕ್ಕೆ ಭಾರತದ ವೈಸರಾಯ್ ಆಗಿ ಬಂದ, ಸತ್ತಿದ್ದು ಧರ್ಮಶಾಲೆಯಲ್ಲಿ. ಆ ದಂಡಿನಲ್ಲಿ ಭಾರತದ ಸೈನಿಕರೂ ಇದ್ದರು, ಮದರಾಸ್ ಸ್ಯಾಪರ್ಸ್ ಅನ್ನೋ ಎಂಜಿನಿಯರ್ ಪಡೆ ಸಹ. ಅವರ ನೆಲೆ ಈಗ ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿದೆ. ಈ ವಿಷಯ ತಲೆಯಲ್ಲಿದ್ದರೆ ಆ ಕಲ್ಲುಗಳ ನಡುವೆ ಪಿಕ್ನಿಕ್ ಮೂಡು ಬರುವುದಿಲ್ಲ. ಒಬ್ಬರೇ ಇದ್ದಾಗ ಹೋಗಿ.

ಹೊರಡುವ ಹಿಂದಿನ ದಿನ ತಮ್ಮ ಹಠ ಹಿಡಿದ. ಸಮ್ಮರ್ ಪ್ಯಾಲೇಸ್‌ಗೆ ಇನ್ನೊಂದು ಸಲ ಹೋಗೋಣ, ಈ ಸಲ ಸರಿಯಾದ ಗೇಟು. ಅದೇ 4ನೇ ಲೈನು, ಒಂದು ಸ್ಟೇಷನ್ ಹಿಂದೆ ಶಿಯುವಾನ್‌ನಲ್ಲಿ ಇಳಿದು ಪೂರ್ವದ ಗೇಟಿಗೆ ನಡೆದೆವು. ಸ್ವಲ್ಪ ದೂರ, ಆದರೆ ಸಮ ನೆಲ. ಒಳಗೆ ಹೋಗಿ ನಾಲ್ಕು ಅಂಗಳ ದಾಟುವಷ್ಟರಲ್ಲಿ ಕುನ್‌ಮಿಂಗ್ ಕೆರೆ ಅಗಲಕ್ಕೆ ಬಿಚ್ಚಿಕೊಂಡಿತು. ಅದೇ ಜಾಗ, ಅದೇ 30 ಯುವಾನ್, ಆದರೆ ಬೇರೆ ಊರಿಗೇ ಬಂದ ಹಾಗಾಯಿತು.

ಗುಡ್ಡದ ಬುಡದಲ್ಲಿ 728 ಮೀಟರ್ ಉದ್ದದ ಪಡಸಾಲೆ. ತೊಲೆ ತೊಲೆಗೂ ಚಿತ್ರ. ಎರಡೂ ಬದಿಗೆ ಕೂರೋಕೆ ಕಟ್ಟೆ, ಒಂದು ಬದಿಗೆ ನೀರು. ಮೊದಲ ದಿನ ಅಮ್ಮ ಕೂತಿದ್ದ ಮೆಟ್ಟಿಲು ಇದರ ಬೆನ್ನ ಹಿಂದೆಯೇ ಇತ್ತು! ಪಡಸಾಲೆಯ ಆಚೆ ತುದಿಯಲ್ಲಿ ಕಲ್ಲಿನ ದೋಣಿ. ಬುಡ ಕಲ್ಲು, ಮೇಲಿನದು ಮರ, ಅದಕ್ಕೆ ಅಮೃತಶಿಲೆಯಂತೆ ಬಣ್ಣ. ಸುಟ್ಟಿದ್ದ ಈ ಅರಮನೆಯನ್ನು ರಾಜಮಾತೆ ತ್ಸಿಶಿ ಮತ್ತೆ ಕಟ್ಟಿಸಿದ್ದು ನೌಕಾಪಡೆಗೆ ಇಟ್ಟಿದ್ದ ದುಡ್ಡು ಬಳಸಿ. ಉಳಿದಿರುವ ಹಡಗು ಇದು, ತೇಲೋದೂ ಇಲ್ಲ. ತಮ್ಮ ಇದನ್ನು ಹೇಳಿದಾಗ ಅಮ್ಮ ಅಷ್ಟು ಹೊತ್ತು ನಕ್ಕಿದ್ದನ್ನು ನಾನು ಆ ಪ್ರವಾಸದಲ್ಲಿ ಬೇರೆಲ್ಲೂ ನೋಡಲಿಲ್ಲ.

ಹಾಗಾದರೆ ಕೊನೆಗೆ ಯಾವುದು? ನನ್ನ ಮಟ್ಟಿಗೆ, ಒಂದೇ ಬೆಳಗು ಇದ್ದರೆ ಥಿಯೆನ್‌ಥಾನ್, ಒಂದೇ ಗಂಟೆ ಇದ್ದರೆ ಸಂಜೆಯ ಜಿಂಗ್‌ಶಾನ್. ಮಂಡಿ ನೋವಿನವರು ಜೊತೆಗಿದ್ದರೆ ಬೇಹಾಯ್. ಸಮ್ಮರ್ ಪ್ಯಾಲೇಸ್‌ಗೆ ಇಡೀ ದಿನ ಕೊಡುವ ಹಾಗಿದ್ದರೆ ಮಾತ್ರ ಹೋಗಿ, ಪೂರ್ವದ ಗೇಟಿನಿಂದಲೇ. ತಮ್ಮ ಇದನ್ನು ಒಪ್ಪುವುದಿಲ್ಲ, ಅವನಿಗೆ ಸಮ್ಮರ್ ಪ್ಯಾಲೇಸೇ ಮೊದಲು. ಅಮ್ಮನನ್ನು ಕೇಳಿದರೆ ಪಾರ್ಕಿನ ಹೆಸರು ನೆನಪಿಲ್ಲ, 'ಆ ನೀರಿನ ರಂಗೋಲಿಯವರ ಪಾರ್ಕು' ಅಂತಾರೆ. ಎಲ್ಲಿಗೇ ಹೋದರೂ ಪಾಸ್‌ಪೋರ್ಟ್ ಜೇಬಲ್ಲಿರಲಿ, ಟಿಕೆಟಿಗೆ ಕೇಳುತ್ತಾರೆ. ಅಲಿಪೇ ಅನ್ನೋ ಮೊಬೈಲ್ ಪಾವತಿ ಆ್ಯಪ್‌ಗೆ ಕಾರ್ಡ್ ಜೋಡಿಸಿಕೊಂಡೇ ವಿಮಾನ ಹತ್ತಿ. ಗೂಗಲ್ ಮ್ಯಾಪ್ ನಂಬಿ ಹೋಗಬೇಡಿ, ಅಲ್ಲಿನ ನೆಟ್‌ವರ್ಕಿನಲ್ಲಿ ಅದು ಸುಮ್ನೆ ತೆರೆಯುವುದೇ ಇಲ್ಲ.