ಬೆಂಗ್ಳೂರು–ಮೈಸೂರು ರೋಡು, ಇಬ್ರು ಮಕ್ಳು, ಒಬ್ನೇ ಅಪ್ಪ: ಟಾಯ್ಲೆಟ್ ರಿವ್ಯೂ

ಬಿಡದಿ ದಾಟಿ ಐದು ನಿಮಿಷ ಆಗಿರ್ಲಿಲ್ಲ, ಹಿಂದಿನ ಸೀಟಿಂದ "ಅಪ್ಪಾ, ಸೂಸು" ಅಂತ ಬಂತು. ಹೊರಡೋಕೆ ಮುಂಚೆ ಮನೇಲಿ ಎರಡ್ ಸಲ ಕೇಳಿದೀನಿ, ಎರಡ್ ಸಲಾನೂ "ಬರ್ತಿಲ್ಲ" ಅಂದಿದಾಳೆ. ಮಗಳಿಗೆ ನಾಲ್ಕೂವರೆ ವರ್ಷ, ಪಕ್ಕದ ಸೀಟಲ್ಲಿ ಒಂದೂವರೆ ವರ್ಷದ ತಮ್ಮ, ಅವನಿನ್ನೂ ಡೈಪರ್ ಗಿರಾಕಿ. ಅತ್ತೆಗೆ ಕಣ್ಣಿನ ಆಪರೇಷನ್ ಅಂತ ಹೆಂಡ್ತಿ ಎರಡು ದಿನ ಮುಂಚೇನೇ ಮೈಸೂರಿಗೆ ಹೋಗಿದ್ಲು, ಹಂಗಾಗಿ ಈ ಸಲ ನಾನೊಬ್ನೇ ಇಬ್ರನ್ನೂ ಕಟ್ಕೊಂಡು ಹೊರಟಿದ್ದು. ಇದುವರೆಗೂ ದಾರೀಲಿ ಟಾಯ್ಲೆಟ್ ವಿಷ್ಯ ಅವಳ ಡಿಪಾರ್ಟ್‌ಮೆಂಟು, ನಾನು ಕಾಫಿ ಆರ್ಡರ್ ಮಾಡ್ಕೊಂಡು ಕೂತಿರೋನು. ಅದಕ್ಕೇ ಈ ರಿವ್ಯೂ ಸ್ವಲ್ಪ ಪ್ರಾಯಶ್ಚಿತ್ತ ಅಂತಾನೂ ಅಂದ್ಕೊಳ್ಳಿ.

ಮೊದ್ಲು ರೋಡು. 2023ರ ಮಾರ್ಚಲ್ಲಿ ಉದ್ಘಾಟನೆ ಆದ ಎಕ್ಸ್‌ಪ್ರೆಸ್‌ವೇ, ಒಂದೂವರೆ ಗಂಟೇಲಿ ಮೈಸೂರು ಅಂತ ಎಲ್ರೂ ಹೇಳಿದ್ದು, ರೋಡು ಚೆನ್ನಾಗೇ ಇದೆ, ಸುಳ್ಳು ಹೇಳಲ್ಲ. ಆದ್ರೆ ಮುಂಚೆ ರಾಮನಗರ, ಚನ್ನಪಟ್ಣ, ಮದ್ದೂರು, ಮಂಡ್ಯ ಎಲ್ಲಾ ಊರೊಳಗೇ ನುಗ್ಕೊಂಡು ಹೋಗ್ತಿದ್ವಿ, ಟ್ರಾಫಿಕ್‌ಗೆ ಬೈಕೊಂಡು ಹೋದ್ರೂ ಎಡಕ್ಕೊಂದು ಬಲಕ್ಕೊಂದು ಹೋಟ್ಲು ಸಿಗ್ತಿತ್ತು, ಗಾಡಿ ನಿಲ್ಸಿ ಒಂದು ಕಾಫಿ ತಗೊಂಡ್ರೆ ಟಾಯ್ಲೆಟ್ ಫ್ರೀ. ಈಗ ಎಲ್ಲಾ ಊರಿಗೂ ಬೈಪಾಸು. ಆರು ಲೇನ್ ಮಧ್ಯ ಬೇಲಿ ಒಳಗೆ ಹೋಗ್ತಿರ್ತೀವಿ, ಹೋಟ್ಲುಗಳೆಲ್ಲ ಸರ್ವೀಸ್ ರೋಡಲ್ಲೋ ಹಳೇ ರೋಡಲ್ಲೋ ಉಳ್ಕೊಂಡಿದಾವೆ, ಕಣ್ಣಿಗೆ ಕಾಣುತ್ತೆ ಕೈಗೆ ಸಿಗಲ್ಲ. ಎಕ್ಸಿಟ್ ಒಂದು ಮಿಸ್ ಆದ್ರೆ ಮುಂದಿನದಕ್ಕೆ ಎಷ್ಟು ಕಿಲೋಮೀಟರ್ರೋ. ನಮ್ಮ ಮಕ್ಕಳ ಡಾಕ್ಟ್ರು ಒಂದು ಲೆಕ್ಕ ಹೇಳ್ಕೊಟ್ಟಿದ್ರು, ಮಗು ವಯಸ್ಸಿಗೆ 2 ಕೂಡ್ಸಿ 30ರಿಂದ ಗುಣಿಸಿದ್ರೆ ಮೂತ್ರಕೋಶ ಅಂದಾಜು ಅಷ್ಟು ಮಿಲಿ ಹಿಡಿಯುತ್ತಂತೆ. ನಮ್ಮವಳಿಗೆ 195 ಮಿಲಿ. ಅಂದ್ರೆ ಒಂದು ಲೋಟ ಮಜ್ಜಿಗೆ. ಹೊರಡೋಕೆ ಮುಂಚೆ ಅವಳು ಕುಡಿದಿದ್ದು ಎರಡು ಲೋಟ ಎಳ್ನೀರು, ಕುಡಿಸಿದ್ದು ನಾನೇ. ನೀರು ಕುಡಿಸ್ಬೇಡಿ ಅಂತ ಯಾರಾದ್ರೂ ಐಡಿಯಾ ಕೊಟ್ರೆ ಕೇಳ್ಬೇಡಿ, ನೀರು ಕಮ್ಮಿ ಕುಡ್ದು ಉಚ್ಚೆ ಕಟ್ಕೊಂಡು ಕೂತ್ರೆ ಮಕ್ಕಳಿಗೆ ಉರಿಮೂತ್ರ, ಇನ್ಫೆಕ್ಷನ್ನು ಎಲ್ಲಾ ಬರೋದು.

ಸರಿ, ಸಿಕ್ಕ ಮೊದಲ್ನೇ ಎಕ್ಸಿಟ್ಟಲ್ಲಿ ಇಳ್ದು ಸರ್ವೀಸ್ ರೋಡ್ ಹಿಡ್ದು ಒಂದು ಪೆಟ್ರೋಲ್ ಬಂಕ್. ಯಾವ್ದು ಅಂತ ಹೇಳಲ್ಲ. ಬಂಕಲ್ಲಿ ಟಾಯ್ಲೆಟ್ ಇರ್ಲೇಬೇಕು ಅನ್ನೋದು ರೂಲ್ಸು, ಗಾಳಿ, ಕುಡಿಯೋ ನೀರು, ಟಾಯ್ಲೆಟ್ ಮೂರೂ ಫ್ರೀ, ಆಯಿಲ್ ಕಂಪ್ನಿಗಳ ಮಾರ್ಗಸೂಚೀಲೇ ಇದೆ, ಹಂಗಾಗಿ ಸಂಕೋಚ ಬೇಡ, ಕೇಳಿ. ನಾನು ಮಾತ್ರ ಮುಲಾಜಿಗೆ ಬಿದ್ದು ಐನೂರಕ್ಕೆ ಪೆಟ್ರೋಲ್ ಹಾಕಿಸ್ದೆ. ಜೆಂಟ್ಸ್ ತೆಗ್ದೇ ಇತ್ತು, ಅದರ ಒಳಗೆ ಹೆಣ್ಮಗೂನ ಕರ್ಕೊಂಡು ಹೋಗೋ ಸ್ಥಿತಿ ಇರ್ಲಿಲ್ಲ, ವಾಸ್ನೆ ಆಚೇಗೇ ಬರ್ತಿತ್ತು. ಲೇಡೀಸ್‌ಗೆ ಬೀಗ. ಬೀಗದ ಕೈ ಹುಡುಗನ ಹತ್ರ, ಅದಕ್ಕೊಂದು ಮೊಳದುದ್ದದ ಪಿವಿಸಿ ಪೈಪ್ ಕಟ್ಟಿದ್ರು ಕಳೀಬಾರ್ದು ಅಂತ. ಹುಡುಗ ಒಳ್ಳೇವ್ನು, "ಸಾರ್ ಪಾಪು ಜೊತೆ ನೀವೂ ಹೋಗಿ, ಯಾರೂ ಇಲ್ಲ" ಅಂದ.

ಒಳಗೆ ಹೋದ್ರೆ ಅಗಳಿ ಇಲ್ಲ. ಅಗಳಿ ಇದ್ದ ಜಾಗದಲ್ಲಿ ನಾಲ್ಕು ತೂತು. ತಮ್ಮನ್ನ ಕಾರಲ್ಲಿ ಬಿಟ್ಟು ಬರೋಕಾಗಲ್ವಲ್ಲ, ಅವನು ಎಡಗಡೆ ಸೊಂಟದ ಮೇಲೆ, ಬಲಗಾಲಲ್ಲಿ ಬಾಗ್ಲು ಒತ್ತಿ ಹಿಡ್ಕೊಂಡಿದೀನಿ, ಬ್ಯಾಗ್ ನೇತಾಕೋಕೆ ಒಂದು ಮೊಳೆ ಕೂಡ ಇಲ್ಲ ಅಂತ ಅದು ಕುತ್ತಿಗೇಲಿ. ಇಂಡಿಯನ್ ಕಮೋಡ್ ನೋಡಿದೀರಲ್ಲ, ಕಾಲಿಡೋ ಜಾಗ ಎರಡೂ ದೊಡ್ಡೋರ ಲೆಕ್ಕಕ್ಕೆ ಮಾಡಿರ್ತಾರೆ, ಈ ಮಗು ಆ ಕಡೆ ಒಂದು ಈ ಕಡೆ ಒಂದು ಕಾಲಿಟ್ರೆ ಭರತನಾಟ್ಯ ಅರೆಮಂಡಿ ಆಗುತ್ತೆ, ಕೂರೋಕಾಗಲ್ಲ. ಒಂದೇ ಕೈಲಿ ಅವಳ ರಟ್ಟೆ ಹಿಡ್ಕೊಂಡು "ಸ್ಸ್ ಸ್ಸ್" ಅಂತ ನಾನು, "ಅಪ್ಪಾ ನೆಲ ಒದ್ದೆ" ಅಂತ ಅವಳು, ಇವ್ನು ಎದ್ದು ನನ್ನ ಕನ್ನಡಕ ಕಿತ್ಕೊಂಡ. ನಲ್ಲೀಲಿ ನೀರಿತ್ತು, ಮಗ್ ಇರ್ಲಿಲ್ಲ. ಒಂದು ಸ್ಟಾರ್, ಅದೂ ಬೀಗದ ಕೈ ಕೊಟ್ಟ ಹುಡುಗನಿಗೆ.

ಕ್ಲೀನ್ ಇದ್ರೆ ಸಾಕು ಅಂತ ನಾನೂ ಅಂದ್ಕೊಂಡಿದ್ದೆ. ಸಾಕಾಗಲ್ಲ. ಮುಂದಿನ ಸ್ಟಾಪು ಒಂದು ದೊಡ್ಡ ಹೋಟ್ಲು, ಪಾರ್ಕಿಂಗೇ ಒಂದು ಎಕರೆ ಇತ್ತು. ಮಗನ ಡೈಪರ್ ಭಾರ ಆಗಿತ್ತು, ಇಡ್ಲೀನೂ ತಿನ್ಬೇಕಿತ್ತು. ಟಾಯ್ಲೆಟ್ಟು ಫಳಫಳ, ಫಿನಾಯಿಲ್ ವಾಸ್ನೆ, ಗೋಡೆ ಮೇಲೆ ಯಾರು ಎಷ್ಟ್ ಹೊತ್ತಿಗೆ ಕ್ಲೀನ್ ಮಾಡಿದ್ರು ಅಂತ ಸಹಿ ಹಾಕಿರೋ ಚಾರ್ಟು. ನಾನು ಐದು ಸ್ಟಾರ್ ಅಂತ ಮನಸ್ಸಲ್ಲೇ ಬರ್ಕೊಂಡೆ. ಆಮೇಲೆ ಶುರು ಆಯ್ತು. ಸೆನ್ಸರ್ ಫ್ಲಶ್ಶು. ಮಗು ಸಣ್ಣದಲ್ವಾ, ಕೂತಿದ್ರೂ ಅದಕ್ಕೆ ಯಾರೂ ಇಲ್ಲ ಅನ್ಸುತ್ತೋ ಏನೋ, ಅವಳು ಕೂತಿರೋವಾಗ್ಲೇ ಭುಸ್ ಅಂತ ನೀರು ಬಿಡ್ತು, ಅವಳು ಕಿಟಾರ್ ಅಂತ ಕಿರುಚಿ ನನ್ನ ಕುತ್ತಿಗೆ ಹಿಡ್ಕೊಂಡ್ಲು, ಬಂದಿದ್ದೂ ವಾಪಸ್ ಹೋಯ್ತು. ಆಚೆ ಬಂದ್ರೆ ಕೈ ಒಣಗ್ಸೋ ಮಷಿನ್ನು, ಯಾರೋ ಅಂಕಲ್ಲು ಕೈ ಒಡ್ಡಿದ್ದೇ ತಡ ಬೋರ್‌ವೆಲ್ ಲಾರಿ ಥರ ಸೌಂಡು, ಈಗ ಇವ್ನೂ ಅಳೋಕೆ ಶುರು. ಸೆನ್ಸರ್ ಇರೋ ಕಡೆ ಆ ಸೆನ್ಸರ್ ಕಣ್ಣಿಗೆ ಒಂದು ಬ್ಯಾಂಡ್‌ಏಡ್ ಅಂಟ್ಸಿಬಿಡಿ, ಮಗು ಎದ್ಮೇಲೆ ಕಿತ್ಬಿಡಿ, ಇದು ನಮ್ಮ ಭಾವಮೈದುನ ಹೇಳ್ಕೊಟ್ಟ ಟ್ರಿಕ್ಕು, ಕೆಲ್ಸ ಮಾಡುತ್ತೆ.

ಡೈಪರ್ ಬದಲಾಯ್ಸೋ ಟೇಬಲ್ ಎಲ್ಲಿದೆ ಅಂತ ಕೇಳಿದ್ರೆ "ಲೇಡೀಸ್ ಒಳಗೆ ಇದೆ ಸಾರ್". ಜೆಂಟ್ಸಲ್ಲಿ? ಆ ಹುಡುಗ ನನ್ನ ಮುಖ ನೋಡ್ದ, ನಾನು ಅವನ ಮುಖ ನೋಡ್ದೆ. ಅಪ್ಪಂದಿರು ಡೈಪರ್ ಬದಲಾಯ್ಸಲ್ಲ ಅಂತ ಆ ಬಿಲ್ಡಿಂಗ್ ಪ್ಲಾನ್ ಹಾಕ್ದೋರೇ ತೀರ್ಮಾನ ಮಾಡ್ಬಿಟ್ಟಿದಾರೆ. ಕಾರ್ ಡಿಕ್ಕೀಲಿ ಟವೆಲ್ ಹಾಸಿ ಬದಲಾಯ್ಸ್ದೆ, ಹೋಗೋರು ಬರೋರೆಲ್ಲ ನೋಡ್ಕೊಂಡು ಹೋದ್ರು. ಆಚೆ ಬಂದ್ಮೇಲೆ ಮಗಳು ಜೋರಾಗಿ, "ಅಪ್ಪಾ ಆ ಅಂಕಲ್‌ಗಳೆಲ್ಲ ಗೋಡೆ ಕಡೆ ತಿರುಗಿ ಯಾಕೆ ನಿಂತಿದ್ರು, ಪನಿಷ್ಮೆಂಟಾ?" ಕ್ಯಾಶ್ ಕೌಂಟರಲ್ಲಿ ಇದ್ದೋರೂ ನಕ್ರು. ಎರಡೂವರೆ ಸ್ಟಾರ್. ಇಡ್ಲಿ ಚೆನ್ನಾಗಿತ್ತು, ಅದರ ಅರ್ಧ ಸ್ಟಾರ್ ಇದರಲ್ಲೇ ಸೇರಿದೆ.

ನಗು ಬರುತ್ತೆ, ಆದ್ರೆ ನಿಜವಾದ ಪ್ರಶ್ನೆ ಅದೇ ನೋಡಿ. ಅಪ್ಪನ ಜೊತೆ ಬಂದ ಹೆಣ್ಮಗು ಯಾವ ಬಾಗ್ಲಲ್ಲಿ ಹೋಗ್ಬೇಕು? ಲೇಡೀಸ್‌ಗೆ ನಾನು ಹೋಗಂಗಿಲ್ಲ, ಒಬ್ಳನ್ನೇ ಕಳ್ಸೋಕೆ ಧೈರ್ಯ ಬರಲ್ಲ, ಜೆಂಟ್ಸಿಗೆ ಕರ್ಕೊಂಡು ಹೋದ್ರೆ ಸಾಲಾಗಿ ನಿಂತಿರೋ ಗಂಡಸರ ಬೆನ್ನ ಹಿಂದೆ ಅವಳ ಕಣ್ಣು ಮುಚ್ಕೊಂಡು ಹೋಗ್ಬೇಕು. ಬೆಂಗ್ಳೂರಲ್ಲಿ ಇದಕ್ಕೆ ನಂಗೆ ಸಿಕ್ಕಿರೋ ಉತ್ತರ ವೀಲ್‌ಚೇರ್ ಚಿತ್ರ ಇರೋ ಟಾಯ್ಲೆಟ್ಟು. ಮೆಟ್ರೋ ಸ್ಟೇಷನ್‌ಗಳಲ್ಲಿ ಇದೆ, ಒಳಗೆ ಜಾಗ ದೊಡ್ದು, ಮೂರೂ ಜನ ಒಟ್ಟಿಗೆ ಹೋಗಿ ಬಾಗ್ಲು ಹಾಕ್ಕೋಬಹುದು, ಗೋಡೇಲಿ ಸ್ಟೀಲ್ ಕಂಬಿ ಇರೋದ್ರಿಂದ ಮಗು ಹಿಡ್ಕೊಂಡು ಕೂರುತ್ತೆ. ವೀಲ್‌ಚೇರಲ್ಲಿ ಯಾರಾದ್ರೂ ಕಾಯ್ತಿದ್ರೆ ಅವರಿಗೇ ಮೊದ್ಲು ಬಿಡಿ, ಅದು ಅವರ ಜಾಗ. ಕೆಲವು ಮಾಲ್‌ಗಳಲ್ಲಿ ಇದಕ್ಕೇ ಬೀಗ ಜಡ್ದಿರ್ತಾರೆ, ಒಂದು ಕಡೆ ಸೆಕ್ಯೂರಿಟಿ ಹತ್ರ ಹಟ ಮಾಡಿ ತೆಗಿಸಿದ್ರೆ ಒಳಗೆ ಮಾಪು, ಬಕೆಟ್ಟು, ಹೋದ ವರ್ಷದ ಕ್ರಿಸ್ಮಸ್ ಮರ.

ಈಗ ಮದ್ದೂರು. ಬೈಪಾಸ್ ಬಿಟ್ಟು ಬೇಕಂತಲೇ ಹಳೇ ರೋಡಿಗೆ ಇಳ್ದೆ, ಮದ್ದೂರು ವಡೆ ಇಲ್ದೆ ಅತ್ತೆ ಮನೆಗೆ ಹೋಗೋಕಾಗುತ್ತಾ. ಸಣ್ಣ ಹೋಟ್ಲು, ಹಿಂದುಗಡೆ ಟಾಯ್ಲೆಟ್ಟು, ಅಲ್ಲೊಬ್ರು ಅಮ್ಮ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತಿದ್ರು, ಮುಂದೆ ಚಿಲ್ರೆ ಡಬ್ಬಿ. ಐದು ರೂಪಾಯಿ. ನಾನು ಇವನನ್ನ ಎತ್ಕೊಂಡು ಅವಳ ಕೈ ಹಿಡ್ಕೊಂಡು ಎರಡು ಬಾಗ್ಲ ಮಧ್ಯ ನಿಂತಿದ್ದು ನೋಡಿ, ನಾನೇನೂ ಕೇಳೋಕೆ ಮುಂಚೆ ಅವರೇ, "ತಾಯಿ ಬಂದಿಲ್ವಾ? ಲೇಡೀಸ್ ಖಾಲಿ ಅದೆ, ನೀವೇ ಕರ್ಕೊಂಡೋಗಿ ಅಣ್ಣ, ನಾನು ಬಾಗ್ಲಲ್ಲಿ ನಿಂತಿರ್ತೀನಿ, ಯಾರನ್ನೂ ಬಿಡಲ್ಲ" ಅಂದ್ರು. ನಿಂತ್ರು ಕೂಡ, ಕೈಲಿ ಪೊರಕೆ ಹಿಡ್ಕೊಂಡು. ಒಳಗೆ ನೆಲ ಒಣಗಿತ್ತು, ಬಕೆಟ್ ತುಂಬ ನೀರು, ಮಗ್ ಅಂಚಿಗೆ ಸಿಕ್ಸಿತ್ತು, ಅಗಳಿ ಗಟ್ಟಿ. ಟೈಲ್ಸ್ ಒಡೆದಿದೆ, ಬಲ್ಬು ಮಂಕು, ಇರ್ಲಿ ಬಿಡಿ. ಆಚೆ ಬಂದ್ಮೇಲೆ ಇವನನ್ನ ಅವರೇ ಎತ್ಕೊಂಡ್ರು ನಾನು ಕೈ ತೊಳ್ಯೋ ತನ್ಕ. ಐವತ್ತು ಕೊಟ್ರೆ ಐದು ತಗೊಂಡು ನಲವತ್ತೈದು ಎಣ್ಸಿ ವಾಪಸ್ ಕೊಟ್ರು, ಎಷ್ಟ್ ಹೇಳಿದ್ರೂ ಇಟ್ಕೊಳ್ಲಿಲ್ಲ. ಐದಕ್ಕೆ ಐದು. ಕೋಟಿ ಕೊಟ್ಟು ಕಟ್ಟಿದ ಕಡೆ ಇಲ್ದೇ ಇರೋದು ಇಲ್ಲಿತ್ತು, ಕಾವಲಿಗೆ ಒಬ್ರು ಮನುಷ್ಯರು.

ಇನ್ನು ನಮ್ಮ ಕಾರಲ್ಲೇ ಇರೋ ಟಾಯ್ಲೆಟ್ಟು, ಅದರ ರಿವ್ಯೂನೂ ಇಲ್ಲೇ ಹಾಕ್ಬಿಡ್ತೀನಿ. ಮಡಚೋ ಪಾಟಿ, ಆನ್‌ಲೈನಲ್ಲಿ ತರ್ಸಿದ್ದು, ಸಾವಿರದ ಚಿಲ್ರೆ. ಕಾಲು ಬಿಚ್ಚಿದ್ರೆ ಸ್ಟೂಲು, ಮಧ್ಯದಲ್ಲಿ ಪ್ಲಾಸ್ಟಿಕ್ ಕವರ್, ಕವರ್ ಒಳಗೆ ಪ್ಯಾಡು, ಉಚ್ಚೆ ಬಿದ್ರೆ ಹೀರ್ಕೊಂಡು ಜೆಲ್ ಆಗುತ್ತೆ, ಡೈಪರಲ್ಲಿ ಇರೋ ಥರದ್ದೇ. ಕವರ್ ಗಂಟು ಹಾಕಿ ಕಸದ ಬುಟ್ಟಿ ಸಿಗೋ ತನ್ಕ ಡಿಕ್ಕೀಲಿ ಇಡ್ಬೇಕು, ದಯವಿಟ್ಟು ರೋಡ್ ಪಕ್ಕ ಎಸೀಬೇಡಿ. ಶ್ರೀರಂಗಪಟ್ಣ ಹತ್ರ ಸರ್ವೀಸ್ ರೋಡಲ್ಲಿ ಕಬ್ಬಿನ ಗದ್ದೆ ಪಕ್ಕ ಗಾಡಿ ನಿಲ್ಸಿ ಎರಡು ಡೋರೂ ತೆಗ್ದು ಮಧ್ಯ ಇಟ್ಟು ಕೂರಿಸ್ದೆ, ಡೋರುಗಳೇ ಗೋಡೆ. ಎರಡು ನಿಮಿಷದಲ್ಲಿ ಕೆಲ್ಸ ಮುಗೀತು. ಎಕ್ಸ್‌ಪ್ರೆಸ್‌ವೇ ಮೇಲೆ ಮಾತ್ರ ಈ ಸಾಹಸ ಬೇಡ, ಗಾಡಿಗಳು ನೂರರಲ್ಲಿ ಬರ್ತಿರ್ತವೆ. ಎಕ್ಸ್‌ಟ್ರಾ ಕವರ್‌ಗಳ ರೇಟು ಜಾಸ್ತಿ ಆಯ್ತು, ಅದಕ್ಕೆ ಒಂದು ಕಟ್. ಮಾಮೂಲಿ ಕವರ್ ಒಳಗೆ ಒಂದು ಡೈಪರ್ ಬಿಚ್ಚಿ ಹಾಸಿದ್ರೂ ನಡ್ಯುತ್ತೆ, ನಾನೀಗ ಅದನ್ನೇ ಮಾಡ್ತಿರೋದು. ನಾಲ್ಕು ಸ್ಟಾರ್. ಬಟ್ಟೆ ವಿಷ್ಯಕ್ಕೂ ಒಂದು ಮಾತು, ದೂರದ ಊರಿಗೆ ಹೊರಡೋವಾಗ ಬಟನ್ನು, ಬೆಲ್ಟು, ಡಂಗರಿ ಎಲ್ಲಾ ಹಾಕ್ಬೇಡಿ, ಎಲಾಸ್ಟಿಕ್ ಚಡ್ಡಿ ಹಾಕಿ, ಡಂಗರಿ ಬಿಚ್ಚೋದ್ರೊಳಗೆ ಕಥೆ ಮುಗ್ದಿರುತ್ತೆ. ಈ ತಪ್ಪು ಯಾರು ಮಾಡಿದ್ರು ಅಂತ ಕೇಳ್ಬೇಡಿ.

ವಾಪಸ್ ಬರೋದು ರೈಲಲ್ಲಿ ಅಂತ ಹೆಂಡ್ತಿ ಡಿಸೈಡ್ ಮಾಡಿದಾಳೆ, ಕಾರು ಭಾವಮೈದುನ ತರ್ತಾನೆ. ಮಗಳು ಆಗ್ಲೇ ಶುರು ಮಾಡಿದಾಳೆ, ರೈಲಲ್ಲಿ ಸೂಸು ಮಾಡಿದ್ರೆ ಎಲ್ಲಿಗೆ ಹೋಗುತ್ತೆ ಅಪ್ಪಾ ಅಂತ. ಮುಂಚೆ ಸೀದಾ ಹಳಿ ಮೇಲೆ ಬೀಳ್ತಿತ್ತು ಪುಟ್ಟಿ, ಈಗ ಬೋಗಿ ಕೆಳ್ಗಡೆ ಟ್ಯಾಂಕ್ ಇದೆ, ಅದರೊಳಗೆ ಬ್ಯಾಕ್ಟೀರಿಯಾ ಅಂತ ಸಣ್ಣ ಹುಳ ಬಿಟ್ಟಿದಾರೆ, ಅವು ಎಲ್ಲಾ ತಿಂದ್ಹಾಕ್ತವೆ ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಹಂಗಾದ್ರೆ ನಾನು ರೈಲಲ್ಲಿ ಹೋಗಲ್ಲ, ಮದ್ದೂರಜ್ಜಿ ಹತ್ರ ಹೋಗ್ತೀನಿ" ಅಂದ್ಲು.