ಮನೆ ಕೊಳ್ಳುವ ಮುಂಚೆ ಶಾಲೆ ನೋಡಲು ಯುಡೈಸ್ ಪ್ಲಸ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಪುಟ್ಟ ಮಕ್ಕಳಿರುವವರು ಬೆಂಗಳೂರಿನಲ್ಲಿ ಮನೆ ಹುಡುಕಲು ಹೊರಟರೆ ಕಾವೇರಿ ನೀರು, ಖಾತೆಯ ಜತೆಗೇ ಕೇಳುವ ಪ್ರಶ್ನೆ ಶಾಲೆಯದು. ಬ್ರೋಕರ್ ಬಾಯಲ್ಲಿ ಎಲ್ಲ ಶಾಲೆಯೂ ಐದೇ ನಿಮಿಷದ ದಾರಿ, ಎಲ್ಲವೂ ಒಳ್ಳೆಯದೇ. ದುಡ್ಡು ಕೊಡದೆ, ಲಾಗಿನ್ ಇಲ್ಲದೆ ಈ ಮಾತನ್ನು ಪರೀಕ್ಷಿಸಲು ಇರುವ ಸಾಧನ ದೇಶದ ಶಾಲೆಗಳ ಮಾಹಿತಿ ಕಲೆಹಾಕುವ ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ಜಾಲತಾಣದಲ್ಲಿರುವ ‘ನೋ ಯುವರ್ ಸ್ಕೂಲ್’ ಪುಟ. ಬೇಡದ ಶಾಲೆಗಳನ್ನು ಪಟ್ಟಿಯಿಂದ ತೆಗೆದುಹಾಕಲು ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಆದರೆ ಬೇಕಾದ ಶಾಲೆಯನ್ನು ಆರಿಸಲು ಇದೊಂದನ್ನೇ ನೆಚ್ಚಿ ಟೋಕನ್ ಅಡ್ವಾನ್ಸ್ ಕೊಟ್ಟರೆ ಕಷ್ಟ.

ಹುಡುಕುವ ಕ್ರಮ ಸರಳ. ಶಾಲೆಯ ಹೆಸರು ಹಾಕಿ ಹುಡುಕಬೇಡಿ. ಒಂದೇ ಶಾಲೆಯ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆದಿರುತ್ತಾರೆ, ಸರ್ಕಾರಿ ಶಾಲೆಗಳು ‘ಜಿಎಚ್‌ಪಿಎಸ್’ (ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ), ‘ಜಿಎಲ್‌ಪಿಎಸ್’ (ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ) ಎಂಬ ಮೊಟಕು ಹೆಸರಿನಲ್ಲಿರುತ್ತವೆ. ಪಿನ್‌ಕೋಡ್ ಹಾಕಿ. ಮನೆಯ ಪಿನ್‌ಕೋಡ್ ಒಂದೇ ಸಾಲದು, ಸುತ್ತಲಿನ ಎರಡು ಮೂರನ್ನೂ ಹಾಕಬೇಕು. ಪಿನ್‌ಕೋಡ್ ಅಂಚೆ ಬಟವಾಡೆಗೆ ಹಾಕಿದ ಗೆರೆಯಾದ್ದರಿಂದ, ಎದುರು ರಸ್ತೆಯ ಶಾಲೆಯೇ ಬೇರೆ ಸಂಖ್ಯೆಯಡಿ ಕೂತಿರಬಹುದು. ವಾರ್ಡ್ ಹೆಸರು ನೆಚ್ಚಿಕೊಂಡರಂತೂ ಗೊಂದಲ: ಬೆಂಗಳೂರಿನ ವಾರ್ಡ್ ಗಡಿಗಳು ಮತ್ತೆ ಮತ್ತೆ ಬದಲಾಗಿವೆ, ದಾಖಲೆಯಲ್ಲಿ ಹಳೆಯ ಹೆಸರು ಉಳಿದಿರಬಹುದು.

ಸಿಕ್ಕ ಪ್ರತಿ ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ಬ್ಲಾಕ್, ಮೂರು ಗ್ರಾಮ ಅಥವಾ ವಾರ್ಡ್, ಕೊನೆಯ ಎರಡು ಆ ಶಾಲೆಯದು. ಒಂದೇ ಹೆಸರಿನ ಸಂಸ್ಥೆಗೆ ಊರಲ್ಲಿ ಆರು ಶಾಖೆ ಇದ್ದಾಗ, ನೀವು ಓದುತ್ತಿರುವುದು ಯಾವ ಶಾಖೆಯ ಕಾರ್ಡು (ಆ ಶಾಲೆಯ ವಿವರಗಳ ಪುಟ) ಎಂದು ಖಚಿತವಾಗುವುದು ಈ ಸಂಖ್ಯೆಯಿಂದ ಮಾತ್ರ. ಹೆಸರಾಂತ ಶಾಲೆಯೊಂದು ಈ ಸಂಖ್ಯೆ ಹೇಳಲು ಹಿಂದೆಮುಂದೆ ನೋಡಿದರೆ ಅಲ್ಲೇ ಎಚ್ಚರಗೊಳ್ಳಬೇಕು.

ಕಾರ್ಡು ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಗ್ರಂಥಾಲಯ, ಕಂಪ್ಯೂಟರ್, ಮೈದಾನ ಎಂಬ ಹೌದು-ಇಲ್ಲ ಕಾಲಂಗಳತ್ತ. ಅವುಗಳ ಬೆಲೆ ಕಡಿಮೆ. ಮೈದಾನ ‘ಹೌದು’ ಎಂದರೆ ಅರ್ಧ ಎಕರೆಯೂ ಇರಬಹುದು, ಕಾಂಪೌಂಡಿನೊಳಗಿನ ಸಿಮೆಂಟು ಅಂಗಳವೂ ಇರಬಹುದು. ಸಮಯ ಕೊಡಬೇಕಾದದ್ದು ತರಗತಿವಾರು ದಾಖಲಾತಿ, ಶಿಕ್ಷಕರ ಸಂಖ್ಯೆ, ಬಳಕೆಯಲ್ಲಿರುವ ಕೊಠಡಿ ಈ ಮೂರಕ್ಕೆ.

ಒಂದು ಮಾದರಿ ಲೆಕ್ಕ. 1ರಿಂದ 5ರವರೆಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕ್ರಮವಾಗಿ 18, 22, 31, 38, 41 ಮಕ್ಕಳು, ಒಟ್ಟು 150 ಎಂದುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5 ಶಿಕ್ಷಕರು ಇರಬೇಕು. ಇಲ್ಲಿ ಐವರು ಬೇಕು. ಕಾರ್ಡಿನಲ್ಲಿ ಮೂವರೇ ಕಂಡರೆ, ಒಬ್ಬರೇ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದಾರೆ ಎಂದೇ ಲೆಕ್ಕ. ಮುಖ್ಯಶಿಕ್ಷಕರೂ ಆ ಮೂವರಲ್ಲಿ ಒಬ್ಬರಾಗಿದ್ದರೆ ಕಚೇರಿ ಕೆಲಸವೇ ಅವರ ಅರ್ಧ ದಿನ ತಿನ್ನುತ್ತದೆ.

ಇನ್ನು ಕೆಳಗಿನ ತರಗತಿಗಳು ಸೊರಗುತ್ತಿರುವ ವಿಷಯ. 5ರಲ್ಲಿ 41, 1ರಲ್ಲಿ 18 ಎಂದಾಕ್ಷಣ ಶಾಲೆ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಆ ಬಡಾವಣೆಯಲ್ಲಿ ಚಿಕ್ಕ ಮಕ್ಕಳೇ ಕಡಿಮೆಯಾಗಿರಬಹುದು, ಪಕ್ಕದಲ್ಲಿ ಹೊಸ ಶಾಲೆ ಬಂದಿರಬಹುದು. ಆದ್ದರಿಂದ ಒಂದೇ ತಂಡವನ್ನು ಹಿಂಬಾಲಿಸಿ: ಹಿಂದಿನ ವರ್ಷದ 2ನೇ ತರಗತಿಯಲ್ಲಿ 40 ಮಕ್ಕಳಿದ್ದು ಈ ವರ್ಷದ 3ನೇ ತರಗತಿಯಲ್ಲಿ 31 ಉಳಿದಿದ್ದರೆ, ಸೇರಿದವರೇ ಬಿಟ್ಟುಹೋಗುತ್ತಿದ್ದಾರೆ. ಪಾಲಕರು ಒಳಗಿನಿಂದ ನೋಡಿ ಕೊಟ್ಟ ತೀರ್ಪು ಅದು. ಮೂರು ವರ್ಷ ಹೀಗೇ ನಡೆದಿದ್ದರೆ ಆ ಶಾಲೆಯನ್ನು ನಂಬಿ ಮನೆ ಕೊಳ್ಳಬೇಡಿ. ಮಕ್ಕಳು ತೀರಾ ಕಡಿಮೆಯಾದ ಸರ್ಕಾರಿ ಶಾಲೆ ಪಕ್ಕದ ಶಾಲೆಯೊಂದಿಗೆ ವಿಲೀನವಾಗುವ ಸಾಧ್ಯತೆಯೂ ಉಂಟು. ಖಾಸಗಿ ಶಾಲೆಗಳಿಗೆ ಈ ಪರೀಕ್ಷೆ ಇನ್ನೂ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಜಾಹೀರಾತು ನೋಡಿ ಸೇರಿಸಿದವರು ಎರಡು ಮೂರು ವರ್ಷದಲ್ಲಿ ಹೊರಟುಹೋಗುವುದು ಬೇರೆಲ್ಲೂ ಕಾಣುವುದಿಲ್ಲ. ಒಂದು ಎಚ್ಚರಿಕೆ: 2020-21 ಮತ್ತು 2021-22 ಕೋವಿಡ್ ವರ್ಷಗಳು. ಆಗ ಅನೇಕರು ಫೀಸು ಕಟ್ಟಲಾಗದೆ ಖಾಸಗಿಯಿಂದ ಸರ್ಕಾರಿಗೆ ಬಂದು ಆಮೇಲೆ ಮರಳಿದರು. ಆ ಅಂಕಿಗಳನ್ನು ಆಧಾರ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ.

ಮಾಧ್ಯಮದ ಕಾಲಂನಲ್ಲೂ ಹುಷಾರು. ಕರ್ನಾಟಕದಲ್ಲಿ 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. ಕಾರ್ಡಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕಂಡರೆ ಯಾವ ಮಾಧ್ಯಮ ಯಾವ ತರಗತಿಯವರೆಗೆ ಬಂದಿದೆ ಎಂದು ಶಾಲೆಯಲ್ಲೇ ಕೇಳಬೇಕು.

ಈ ಸೇವೆಯ ದೊಡ್ಡ ಕೊರತೆ ಮೂರು. ಮಾಹಿತಿ ತುಂಬುವವರು ಶಾಲೆಯವರೇ. ಅದು ವರ್ಷದ ಒಂದು ನಿಗದಿತ ದಿನದ ಸ್ಥಿತಿಯನ್ನು ಆಧರಿಸಿದ್ದು, ಪ್ರಕಟವಾಗುವ ಹೊತ್ತಿಗೆ ವರ್ಷದ ಹತ್ತಿರ ಹಳತಾಗಿರುತ್ತದೆ, ಅಷ್ಟರಲ್ಲಿ ಶಿಕ್ಷಕರ ವರ್ಗಾವಣೆ ಮುಗಿದಿರುತ್ತದೆ. ಮೂರನೆಯದು, ಮಕ್ಕಳಿಗೆ ಓದಲು, ಕೂಡಿ ಕಳೆಯಲು ಎಷ್ಟು ಬರುತ್ತದೆ ಎಂಬುದರ ಸುಳಿವೇ ಇಲ್ಲಿಲ್ಲ, ಫೀಸೂ ಇಲ್ಲ. ಇವನ್ನು ತುಂಬಿಕೊಳ್ಳಲು ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪಾಲಕ ಸದಸ್ಯರೊಬ್ಬರನ್ನು ಮಾತಾಡಿಸಿ. ಅತಿಥಿ ಶಿಕ್ಷಕರು ಎಷ್ಟು, ಈ ವರ್ಷ ಯಾವ ತಿಂಗಳಲ್ಲಿ ಬಂದರು ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರ ಇಡೀ ಕಾರ್ಡಿಗಿಂತ ಹೆಚ್ಚು ಹೇಳುತ್ತದೆ.

ಬೋರ್ಡಿನ ವಿಷಯದಲ್ಲಂತೂ ಯುಡೈಸನ್ನು ನೆಚ್ಚಲೇಬಾರದು. 1ರಿಂದ 5ರವರೆಗೆ ಮಾತ್ರ ಇರುವ ಶಾಲೆ ಗೇಟಿನ ಮೇಲೆ ‘ಸಿಬಿಎಸ್‌ಇ ಪಠ್ಯಕ್ರಮ’ ಎಂದು ಬರೆಸಿಕೊಂಡ ಮಾತ್ರಕ್ಕೆ ಅದಕ್ಕೆ ಸಿಬಿಎಸ್‌ಇ ಸಂಯೋಜನೆ (ಅಫಿಲಿಯೇಷನ್) ಇದೆ ಎಂದಾಗದು. ಸಿಬಿಎಸ್‌ಇಯ ಸರಸ್ ಪೋರ್ಟಲ್‌ನಲ್ಲಿ ಸಂಯೋಜಿತ ಶಾಲೆಗಳ ಪಟ್ಟಿ, ಸಂಯೋಜನೆ ಎಲ್ಲಿಯವರೆಗೆ ಎಂಬ ವಿವರ ಸಿಗುತ್ತದೆ. ಸಿಬಿಎಸ್‌ಇ ಶಾಲೆಗಳು ತಮ್ಮ ಜಾಲತಾಣದಲ್ಲಿ ‘ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಶರ್’ ಪುಟ ಹಾಕಲೇಬೇಕು: ಆವರಣದ ವಿಸ್ತೀರ್ಣ ಚದರ ಮೀಟರಿನಲ್ಲಿ, ಅಗ್ನಿ ಸುರಕ್ಷತಾ ಪತ್ರ, ಕಟ್ಟಡದ ಸುರಕ್ಷತಾ ಪತ್ರ, ಶುಲ್ಕದ ವಿವರ, ಶಿಕ್ಷಕರ ಸಂಖ್ಯೆ. ಮೈದಾನದ ನಿಜ ಸಂಗತಿ ಗೊತ್ತಾಗುವುದು ಇಲ್ಲೇ. ಅಗ್ನಿ ಸುರಕ್ಷತಾ ಪತ್ರದ ಅವಧಿ ಮುಗಿದಿದೆಯೇ ಎಂದು ದಿನಾಂಕ ನೋಡುವುದನ್ನು ಮರೆಯಬೇಡಿ.

ಇನ್ನೊಂದು ತಪ್ಪು ಕಲ್ಪನೆಯಿಂದ ಬಹಳ ಜನ ಹಣ ಕಳೆದುಕೊಳ್ಳುತ್ತಾರೆ. ಮನೆ ಶಾಲೆಯ ಪಕ್ಕದಲ್ಲಿದ್ದರೆ ಸೀಟು ಖಚಿತ ಎಂದುಕೊಳ್ಳುವುದು. ಖಾಸಗಿ ಶಾಲೆಯಲ್ಲಿ ವಿಳಾಸದಿಂದ ಹಕ್ಕು ಹುಟ್ಟುವುದಿಲ್ಲ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಮೀಸಲಿಡುವ ಶೇಕಡ 25 ಉಚಿತ ಸೀಟು ಸಿಗುತ್ತದೆಂಬ ಲೆಕ್ಕವೂ ಕರ್ನಾಟಕದಲ್ಲಿ ನಡೆಯದು: 2019ರಲ್ಲಿ ಜಾರಿಗೆ ಬಂದ ನಿಯಮ ತಿದ್ದುಪಡಿಯ ನಂತರ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆ ಆ ಸೀಟು ಕೊಡಬೇಕಿಲ್ಲ. ನಗರದಲ್ಲಿ ಅಂಥ ಶಾಲೆ ಇಲ್ಲದ ಜಾಗ ವಿರಳ. ಕೇಂದ್ರೀಯ ವಿದ್ಯಾಲಯದ ಹತ್ತಿರ ಮನೆ ಮಾಡಿದರೂ ಆದ್ಯತೆ ಮೊದಲು ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ. ಹಾಗಾಗಿ ಒಂದೇ ಶಾಲೆಯ ಗೇಟಿಗಾಗಿ ಚದರಡಿಗೆ ಹೆಚ್ಚು ದರ ಕೊಡಬೇಡಿ. ನಡೆದು ಹೋಗುವ ದೂರದಲ್ಲಿ ಒಪ್ಪುವಂಥ ಮೂರು ಶಾಲೆಗಳಿದ್ದು, ಅವುಗಳಲ್ಲಿ ಒಂದಾದರೂ 10ನೇ ತರಗತಿಯವರೆಗೆ ಇರುವ ಬಡಾವಣೆ ಎಷ್ಟೋ ವಾಸಿ. ಗೃಹಸಾಲ 20 ವರ್ಷದ್ದು, ಕಿರಿಯ ಪ್ರಾಥಮಿಕ ಐದೇ ವರ್ಷದ್ದು.

ದೂರವನ್ನು ನಕ್ಷೆಯ ಮೇಲೆ ಗೆರೆ ಎಳೆದು ಅಳೆಯಬೇಡಿ. ರಾಜಕಾಲುವೆ, ರೈಲು ಹಳಿ, ವರ್ತುಲ ರಸ್ತೆ ಇವು 400 ಮೀಟರನ್ನು ಒಂದೂವರೆ ಕಿಲೋಮೀಟರ್ ಮಾಡಿಬಿಡುತ್ತವೆ. ಹೊಸೂರು ರಸ್ತೆಯ ಆಚೆ ಬದಿಯ ಶಾಲೆ ಕಣ್ಣಿಗೆ ಕಂಡರೂ ಸ್ಕೈವಾಕ್ ಎಲ್ಲಿದೆ ಎಂದು ನೋಡಬೇಕು. ಶಾಲೆ ಇರುವ ದಿನ ಬೆಳಿಗ್ಗೆ 8ರಿಂದ 9ರ ನಡುವೆ ಮಗುವಿನ ಹೆಜ್ಜೆಯಲ್ಲಿ ನಡೆಯಿರಿ. ದೊಡ್ಡವರು 12 ನಿಮಿಷದಲ್ಲಿ ಮುಗಿಸುವ ಒಂದು ಕಿಲೋಮೀಟರು, ಬ್ಯಾಗು ಹೊತ್ತ ಆರು ವರ್ಷದ ಮಗುವಿಗೆ 20 ನಿಮಿಷ. ಫುಟ್‌ಪಾತ್ ಎಲ್ಲಿ ಮುರಿದು ಮಗು ರಸ್ತೆಗಿಳಿಯಬೇಕಾಗುತ್ತದೆ, ಶಾಲಾ ವ್ಯಾನುಗಳು ಎಲ್ಲಿ ರಿವರ್ಸ್ ತೆಗೆಯುತ್ತವೆ ಎಂದು ಆಗಲೇ ತಿಳಿಯುವುದು.

ಹೊಸ ಬಡಾವಣೆಯ ಬ್ರೋಷರಿನಲ್ಲಿ ‘ಉದ್ದೇಶಿತ ಶಾಲೆ’ ಎಂದು ಹಸಿರು ಚೌಕ ತೋರಿಸಿದ್ದರೆ, ಅದು ಸಿಎ ಸೈಟ್ ಆಗಿರುವ ಸಾಧ್ಯತೆಯೇ ಹೆಚ್ಚು. ನಾಗರಿಕ ಸೌಲಭ್ಯಕ್ಕೆ ಮೀಸಲಾದ ಜಾಗದಲ್ಲಿ ಶಾಲೆಯೂ ಬರಬಹುದು, ಆಸ್ಪತ್ರೆ, ಅಂಚೆ ಕಚೇರಿಯೂ ಬರಬಹುದು, ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದು ಖಾಲಿಯೂ ಉಳಿಯಬಹುದು. ಅನುಮೋದಿತ ನಕ್ಷೆಯನ್ನು ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡು ಬ್ರೋಷರಿನ ಪಕ್ಕದಲ್ಲಿಟ್ಟು ನೋಡಿ, ಬ್ರೋಷರನ್ನೂ ಎಸೆಯದೆ ಇಟ್ಟುಕೊಳ್ಳಿ. ಜಾಹೀರಾತಿನ ಸುಳ್ಳು ನಂಬಿ ಹಣ ಕಟ್ಟಿ ನಷ್ಟವಾದರೆ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು, ಹಿಂದೆ ಸರಿದು ಬಡ್ಡಿಸಮೇತ ಹಣ ವಾಪಸು ಪಡೆಯಲೂಬಹುದು. 13ನೇ ಸೆಕ್ಷನ್ ಪ್ರಕಾರ ಮಾರಾಟದ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಶಾಲೆ ನೋಡುವ ಕೆಲಸವೆಲ್ಲ ಆ ಹತ್ತನ್ನು ಕಟ್ಟುವ ಮುಂಚೆಯೇ ಮುಗಿದಿರಲಿ.