ಕೊರಿಯಾದಲ್ಲಿ ರಾತ್ರಿ ಎಲ್ಲಿ ಮಲಗೋದು: ಹಾಸ್ಟೆಲ್, ಹನೋಕ್, ಜಿಮ್‌ಜಿಲ್‌ಬಾಂಗ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹನೋಕ್‌ಗೆ, ಅಂದರೆ ಹೆಂಚಿನ ಹಳೇ ಮನೆಗೆ. ಅದೂ ಸಿಯೋಲ್‌ನ ಹನೋಕ್ ಅಲ್ಲ, ಗ್ಯೊಂಗ್ಜುವಿನದ್ದು. ನವೆಂಬರ್‌ನಲ್ಲಿ ನಾನೂ ನನ್ನ ಗೆಳತಿಯೂ ಸಿಯೋಲ್, ಗ್ಯೊಂಗ್ಜು, ಬುಸಾನ್ ಸುತ್ತಿಕೊಂಡು ಬಂದೆವು. ಸಿಯೋಲ್‌ನಲ್ಲಿ ಹಾಸ್ಟೆಲ್, ಗ್ಯೊಂಗ್ಜುವಿನಲ್ಲಿ ಹನೋಕ್, ಬುಸಾನ್‌ನಲ್ಲಿ ಜಿಮ್‌ಜಿಲ್‌ಬಾಂಗ್ ಅನ್ನುವ ಸ್ನಾನದ ಮನೆ. ಒಂದೊಂದು ಊರಲ್ಲಿ ಒಂದೊಂದು ಥರ ಇದ್ದು ನೋಡಿದ್ದರಿಂದ ಇಷ್ಟು ಬರೆಯುವ ಧೈರ್ಯ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಹೇಳುತ್ತೇನೆ, ಸಾವಿರ ವೊನ್ ಅಂದರೆ ನಮಗೆ ಸುಮಾರು 60 ರೂಪಾಯಿ ಬಿತ್ತು.

ಹಾಸ್ಟೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಂಗ್ಡೆಯಲ್ಲಿ ಉಳಿದೆವು. ಇಂಚಿಯಾನ್ ಏರ್‌ಪೋರ್ಟ್‌ನಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ನೇರ ಅಲ್ಲೇ ಇಳಿಯಬಹುದು, ಎಲ್ಲೂ ಬದಲಾಯಿಸಬೇಕಿಲ್ಲ. ಇದೇ ಅದರ ದೊಡ್ಡ ಗುಣ. ಬಂಕ್ ಬೆಡ್, ಹಂಚಿಕೊಂಡ ಬಾತ್‌ರೂಮು, ಬೆಳಗ್ಗೆ ಬ್ರೆಡ್ಡು ಜಾಮು. ಒಂದು ಸಂಗತಿ ಮಾತ್ರ ಯಾರೂ ಹೇಳಿರಲಿಲ್ಲ. ಅಲ್ಲಿ ಹಾಸ್ಟೆಲ್ ಆದರೂ ಬಿಸಿ ಬರುವುದು ನೆಲದಿಂದಲೇ. ಆ ಬಿಸಿ ಎಲ್ಲ ಮೇಲಕ್ಕೆ ಏರುತ್ತದೆ. ಮೇಲಿನ ಬಂಕ್‌ನಲ್ಲಿ ಮಲಗಿದ ನನಗೆ ಬೆಳಗ್ಗೆ ಗಂಟಲು ಒಣಗಿ ಹೋಗಿರುತ್ತಿತ್ತು, ಕೆಳಗಿದ್ದವಳು ಹಾಯಾಗಿ ನಿದ್ದೆ ಹೊಡೆದಿರುತ್ತಿದ್ದಳು. ಬುಕ್ ಮಾಡುವಾಗ ಕೆಳಗಿನ ಬೆಡ್ ಕೇಳಿ, ಅಷ್ಟೇ.

ಸಿಯೋಲ್‌ನಲ್ಲೇ ಹನೋಕ್ ಬೇಕು ಅನ್ನುವವರು ಬುಕ್‌ಚೊನ್ ಅನ್ನುವ ಬಡಾವಣೆ ನೋಡುತ್ತಾರೆ. ನಾವೂ ನೋಡಿದ್ದೆವು. ಗ್ಯೊಂಗ್ಜುವಿನ ಎರಡು ಪಟ್ಟು ಬಾಡಿಗೆ ಕಂಡು ಬಿಟ್ಟೆವು. ಅಲ್ಲಿ ಜನ ಇನ್ನೂ ಸಂಸಾರ ಮಾಡಿಕೊಂಡಿರುವ ಮನೆಗಳಿವೆ. ಅದಕ್ಕೇ ಕೆಲವು ಓಣಿಗಳಿಗೆ ಪ್ರವಾಸಿಗರು ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಹೋಗಬಹುದು. 2025ರ ಮಾರ್ಚ್‌ನಿಂದ ಮೀರಿದವರಿಗೆ 1 ಲಕ್ಷ ವೊನ್ ದಂಡ. ಅಲ್ಲೇ ತಂಗಿದವರಿಗೆ ಈ ನಿಯಮ ಇಲ್ಲ, ನಿಜ. ಆದರೂ ದಿನವಿಡೀ ಮನೆ ಮುಂದೆ ಸೆಲ್ಫಿ ಗುಂಪು ನಿಂತಿರುವ ಕಡೆ ನಮಗೆ ಬೇಡ ಅನ್ನಿಸಿತು.

ಈಗ ಜಿಮ್‌ಜಿಲ್‌ಬಾಂಗ್. ಇದರ ಮೇಲೆ ನಮಗೆ ತುಂಬಾ ಆಸೆ ಇತ್ತು. ಒಬ್ಬರಿಗೆ ಸುಮಾರು 15 ಸಾವಿರ ವೊನ್ ಕೊಟ್ಟರೆ ಸ್ನಾನವೂ ಆಯಿತು, ರಾತ್ರಿ ನಿದ್ದೆಯೂ ಆಯಿತು ಅನ್ನುವ ಲೆಕ್ಕ. ಬಾಗಿಲಲ್ಲೇ ಚಪ್ಪಲಿ ಲಾಕರ್, ಆಮೇಲೆ ಕೌಂಟರ್, ಅಲ್ಲಿ ಕೈಗೆ ಕಟ್ಟಿಕೊಳ್ಳುವ ಕೀಲಿ, ಒಂದು ಜೊತೆ ಹತ್ತಿ ಟೀ ಶರ್ಟು ಚಡ್ಡಿ. ಸ್ನಾನದ ಹಾಲ್ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಒಳಗೆ ಯಾರ ಮೈಮೇಲೂ ಬಟ್ಟೆ ಇರುವುದಿಲ್ಲ. ಇದು ಕೇಳಿಯೇ ನಮ್ಮ ಕಡೆ ಹುಡುಗಿಯರು ಅರ್ಧ ಜನ ಹಿಂದೆ ಸರಿಯುತ್ತಾರೆ. ಸರಿಯಬೇಡಿ. ಐದು ನಿಮಿಷ ಮುಜುಗರ ಆಗುತ್ತದೆ, ಆಮೇಲೆ ಯಾರೂ ಯಾರನ್ನೂ ನೋಡುತ್ತಿಲ್ಲ ಅಂತ ಗೊತ್ತಾಗುತ್ತದೆ. ಅಜ್ಜಿಯರು ಮೊಮ್ಮಕ್ಕಳ ಬೆನ್ನು ಉಜ್ಜುತ್ತಾ ಕೂತಿರುತ್ತಾರೆ. ತೊಟ್ಟಿಗೆ ಇಳಿಯುವ ಮುಂಚೆ ಚೆನ್ನಾಗಿ ಮೈ ತೊಳೆದುಕೊಳ್ಳಬೇಕು, ಇದೊಂದು ತಪ್ಪಬಾರದು. ದಿನವಿಡೀ ನಡೆದ ಕಾಲಿಗೆ ಆ ಬಿಸಿನೀರು ಎಂಥಾ ಸುಖ ಅಂದರೆ, ಆ ಸ್ನಾನಕ್ಕೇ ಕೊಟ್ಟ ದುಡ್ಡು ವಸೂಲಾಯಿತು. ಸಸ್ಯಾಹಾರಿಗಳಿಗೂ ಅಲ್ಲಿ ಕುಡಿಯಲು ಸಿಖ್ಯೆ ಇದೆ. ಅಕ್ಕಿ ಮತ್ತು ಮೊಳಕೆ ಕಟ್ಟಿದ ಬಾರ್ಲಿಯಿಂದ ಮಾಡಿದ ತಣ್ಣನೆ ಸಿಹಿ ಪಾನಕ, ಅನ್ನದ ಅಗುಳು ತೇಲುತ್ತಿರುತ್ತದೆ.

ತೊಂದರೆ ಬಂದದ್ದು ಸೂಟ್‌ಕೇಸ್‌ನಿಂದ.

ನಾವು ಗ್ಯೊಂಗ್ಜುವಿನಿಂದ ಬಸ್ಸಲ್ಲಿ ಬಂದಿಳಿದದ್ದು ಬುಸಾನ್‌ನ ಉತ್ತರದ ತುದಿಯ ನೊಪೊದಲ್ಲಿ. ಅಲ್ಲಿಂದ ಮೆಟ್ರೋ 1ನೇ ಲೈನ್ ಹಿಡಿದು ಊರೊಳಗೆ ಬಂದು, ಮೆಟ್ಟಿಲು ಹತ್ತಿ, ಜಿಮ್‌ಜಿಲ್‌ಬಾಂಗ್ ಹುಡುಕಿಕೊಂಡು ಹೋದೆವು. ಸಾಮಾನು ಇಟ್ಟುಕೊಳ್ಳುತ್ತಾರೆ ಅಂತ ಆನ್‌ಲೈನ್‌ನಲ್ಲಿ ಓದಿದ್ದೆವು. ಕೌಂಟರ್‌ನಲ್ಲಿದ್ದವರು ಎರಡೂ ಸೂಟ್‌ಕೇಸ್ ನೋಡಿ ಕೈಯಾಡಿಸಿಬಿಟ್ಟರು, ಈಗ ಇಟ್ಟುಕೊಳ್ಳುವುದಿಲ್ಲ ಅಂತ. ಒಳಗಿನ ಲಾಕರ್ ಒಂದು ಗೇಣಿಗಿಂತ ಸ್ವಲ್ಪ ಅಗಲ ಅಷ್ಟೇ. ಬೆನ್ನಿಗೆ ಹಾಕುವ ಬ್ಯಾಗನ್ನು ಮೊಣಕಾಲಲ್ಲಿ ಒತ್ತಿ ತುರುಕಬಹುದು. ಸೂಟ್‌ಕೇಸ್? ಸಾಧ್ಯವೇ ಇಲ್ಲ.

ವಾಪಸ್ ಮೆಟ್ರೋ ಸ್ಟೇಷನ್‌ಗೆ ಹೋದೆವು. ಅಲ್ಲಿ ಕಾಯಿನ್ ಲಾಕರ್ ಸಾಲಾಗಿ ಇವೆ, ಸಣ್ಣವು ಎಷ್ಟೋ ಖಾಲಿ. ದೊಡ್ಡವು ಇರುವುದೇ ಕಡಿಮೆ, ಅವೆಲ್ಲ ಭರ್ತಿ. ಮುಂದಿನ ಸ್ಟೇಷನ್‌ಗೆ ಹೋಗಿ ನೋಡಿದೆವು, ಅಲ್ಲೂ ಅದೇ ಕಥೆ. ಅದರ ಮುಂದಿನದರಲ್ಲಿ ಒಂದು ಸಿಕ್ಕಿತು. ಒಂದು ಸೂಟ್‌ಕೇಸ್ ಅದರಲ್ಲಿ ಇಟ್ಟು, ಇನ್ನೊಂದರಿಂದ ರಾತ್ರಿಗೆ ಬೇಕಾದ್ದು ತೆಗೆದುಕೊಂಡು, ಅದನ್ನು ಓರೆಯಾಗಿ ನಿಲ್ಲಿಸಿ ಇಬ್ಬರೂ ಸೇರಿ ಬಾಗಿಲು ಒತ್ತಿ ಹಿಡಿದು ಮುಚ್ಚಿದೆವು. ಪಕ್ಕದಲ್ಲಿ ಕಾಯುತ್ತಿದ್ದ ಕಾಲೇಜು ಹುಡುಗನೊಬ್ಬ ಬಂದು ಹೆಗಲು ಕೊಟ್ಟ, ಅವನಿಗೆ ಪುಣ್ಯ ಬರಲಿ.

ಅಲ್ಲಿಗೂ ಮುಗಿಯಲಿಲ್ಲ. ಮಧ್ಯರಾತ್ರಿ ಹೊತ್ತಿಗೆ ಮೆಟ್ರೋ ನಿಲ್ಲುತ್ತದೆ, ಸ್ಟೇಷನ್ ಬಾಗಿಲು ಹಾಕುತ್ತಾರೆ. ಅಂದರೆ ಒಮ್ಮೆ ಇಟ್ಟ ಸಾಮಾನು ಬೆಳಗಿನ ತನಕ ಸಿಗುವುದಿಲ್ಲ. ಗೆಳತಿಯ ಜ್ವರದ ಮಾತ್ರೆ ಅದರೊಳಗೇ ಉಳಿಯಿತು, ಅವತ್ತೇ ಅವಳಿಗೆ ನೆಗಡಿ ಶುರು. ಮಾರನೇ ದಿನ ಬೆಳಗ್ಗೆ ಗಾಮ್‌ಚೊನ್‌ಗೆ ಹೋಗುವ ಯೋಚನೆ ಇತ್ತು. 1950ರ ದಶಕದಲ್ಲಿ ಕೊರಿಯಾ ಯುದ್ಧದ ನಿರಾಶ್ರಿತರು ಬೆಟ್ಟದ ಮೈಮೇಲೆ ಕಟ್ಟಿಕೊಂಡ ಮನೆಗಳು, ಈಗ ಬಣ್ಣ ಬಣ್ಣ, ಬೆಳಗಿನ ಬಿಸಿಲಲ್ಲಿ ನೋಡಬೇಕು. ಮೊದಲು ಸಾಮಾನು ಬಿಡಿಸು, ಮುಂದಿನ ಜಾಗಕ್ಕೆ ಮುಟ್ಟಿಸು, ಆಮೇಲೆ ಟೊಸೊಂಗ್ ಸ್ಟೇಷನ್‌ನಲ್ಲಿ ಇಳಿದು ಸಣ್ಣ ಬಸ್ ಹತ್ತು. ಅಲ್ಲಿಗೆ ತಲುಪಿದಾಗ ಮಧ್ಯಾಹ್ನ, 148 ಮೆಟ್ಟಿಲಿನ ಓಣಿಯಲ್ಲಿ ಕಾಲಿಡಲು ಜಾಗ ಇಲ್ಲ. ಲಾಕರ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತಾ ಹೋಗಿತ್ತು. ಅದನ್ನೂ ಕೂಡಿಸಿದರೆ ಮಾಮೂಲಿ ಮೋಟೆಲ್ ರೂಮಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ.

ನಿದ್ದೆ? ಎಲ್ಲರೂ ಮಲಗುವ ಒಂದೇ ಹಾಲ್, ತೆಳ್ಳನೆ ಮ್ಯಾಟು, ಇಟ್ಟಿಗೆಯಷ್ಟು ಗಟ್ಟಿ ದಿಂಬು, ಪೂರ್ತಿ ಆರದ ದೀಪ, ಗೊರಕೆ. ಬೆನ್ನಿಗೆ ಹಾಕುವ ಒಂದೇ ಬ್ಯಾಗಲ್ಲಿ ಊರು ಸುತ್ತುವವರು ಧಾರಾಳವಾಗಿ ಹೋಗಿ. ಮಿಕ್ಕವರು ಸಂಜೆ ಸ್ನಾನಕ್ಕೆ ಹೋಗಿ, ಮಲಗಲು ಬೇರೆ ಕಡೆ ನೋಡಿ. ಎಲ್ಲ ಜಿಮ್‌ಜಿಲ್‌ಬಾಂಗ್‌ಗಳೂ ರಾತ್ರಿ ತೆರೆದಿರುವುದಿಲ್ಲ, ಕೊರೋನಾ ನಂತರ ಎಷ್ಟೋ ಮುಚ್ಚಿಯೂ ಹೋಗಿವೆ. ಹೋಗುವ ಮುಂಚೆ ಕೇಳಿಕೊಳ್ಳಿ.

ಇನ್ನು ನನ್ನ ಹನೋಕ್. ಗ್ಯೊಂಗ್ಜು ಹಿಂದೆ ಸಿಲ್ಲಾ ಅನ್ನುವ ರಾಜ್ಯದ ರಾಜಧಾನಿಯಾಗಿತ್ತು. ಊರ ಮಧ್ಯದಲ್ಲೇ ಹುಲ್ಲು ಹೊದ್ದ ದುಂಡನೆ ಗುಡ್ಡಗಳು ಕಾಣುತ್ತವೆ, ಎಲ್ಲವೂ ಸಮಾಧಿಗಳು. ಹಳೇ ಊರಿನ ಭಾಗದಲ್ಲಿ ಎತ್ತರದ ಕಟ್ಟಡ ಕಟ್ಟುವಂತಿಲ್ಲ. ಅಂಗಡಿ, ಪೆಟ್ರೋಲ್ ಬಂಕಿಗೂ ಹೆಂಚಿನ ಮಾಡು. ನಾವು ಉಳಿದ ಮನೆ ಹ್ವಾಂಗ್ನಾಮ್ ಬೀದಿಗಳಲ್ಲಿ, ಬಸ್ ಸ್ಟ್ಯಾಂಡಿನಿಂದ ಸೂಟ್‌ಕೇಸ್ ಎಳೆದುಕೊಂಡು ನಡೆದೇ ಹೋಗುವಷ್ಟು ಹತ್ತಿರ. ಸಿಯೋಲ್‌ನಿಂದ ಕೆಟಿಎಕ್ಸ್ ಅನ್ನುವ ವೇಗದ ರೈಲು ಎರಡು ಗಂಟೆಗೆ ತಲುಪಿಸುತ್ತದೆ, ಆದರೆ ಆ ಸ್ಟೇಷನ್ ಊರಾಚೆ ಇದೆ. ಬಸ್ಸಿಗೆ ಮೂರೂವರೆ ಗಂಟೆ ದಾಟಿದರೂ ಊರೊಳಗೇ ಇಳಿಸುತ್ತದೆ. ನಮಗೆ ಬಸ್ಸೇ ಸರಿ ಹೋಯಿತು.

ಮೆಟ್ಟಿಲು ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು, ಜಗಲಿಯಂಥ ಮರದ ಕಟ್ಟೆ ಹತ್ತಿದರೆ ಕಾಗದ ಅಂಟಿಸಿದ ಬಾಗಿಲು. ಒಳಗೆ ಮಂಚ ಇಲ್ಲ, ಕುರ್ಚಿ ಇಲ್ಲ. ನೆಲದ ಮೇಲೆ ತೆಳು ಹಾಸಿಗೆ, ದಪ್ಪ ರಜಾಯಿ, ಧಾನ್ಯದ ಹೊಟ್ಟು ತುಂಬಿದ ದಿಂಬು. ತಲೆ ಹೊರಳಿಸಿದರೆ ಸರಸರ ಅನ್ನುತ್ತದೆ. ಹೊರಗೆ ಉಸಿರು ಹೊಗೆಯಾಗುವ ಚಳಿ, ಒಳಗೆ ಅಂಗೈ ಇಟ್ಟರೆ ಬೆಚ್ಚಗಿರುವ ನೆಲ. ಇದಕ್ಕೆ ಒಂದೋಲ್ ಅನ್ನುತ್ತಾರೆ. ಹಿಂದೆ ಅಡುಗೆ ಒಲೆಯ ಹೊಗೆಯನ್ನೇ ನೆಲದಡಿಯ ಕಲ್ಲಿನ ಕಾಲುವೆಗಳಲ್ಲಿ ಹಾಯಿಸಿ ಮನೆ ಬೆಚ್ಚಗೆ ಮಾಡುತ್ತಿದ್ದರು. ಒಲೆಗೆ ಹತ್ತಿರದ ಬೆಚ್ಚನೆ ಜಾಗ ಮನೆಯ ಹಿರಿಯರಿಗೆ, ಅತಿಥಿಗಳಿಗೆ. ಈಗ ಪೈಪಿನಲ್ಲಿ ಬಿಸಿನೀರು ಓಡುತ್ತದೆ, ಸುಖ ಮಾತ್ರ ಅದೇ. ನೆಗಡಿ ಹಿಡಿಯುವ ಮುಂಚೆ ಗೆಳತಿ ಅಷ್ಟು ಗಾಢವಾಗಿ ನಿದ್ದೆ ಮಾಡಿದ್ದು ಅಲ್ಲೇ.

ಕೊರತೆ ಇಲ್ಲ ಅಂತಲ್ಲ. ಕಾಗದದ ಬಾಗಿಲು, ಪಕ್ಕದ ರೂಮಿನ ಪಿಸುಮಾತೂ ಕೇಳುತ್ತದೆ. ಬೆನ್ನು ನೋವಿರುವವರಿಗೆ ಕಷ್ಟ.

ಆದರೆ ರಾತ್ರಿ ನೋಡಿ, ಅಲ್ಲೇ ಅದರ ಬೆಲೆ ಗೊತ್ತಾಗುವುದು. ಸಿಯೋಲ್‌ನಿಂದ ಒಂದೇ ದಿನಕ್ಕೆ ಬಂದು ಹೋಗುವವರು ಸಂಜೆಗೆ ರೈಲು ಹತ್ತಿ ಹೋಗಿರುತ್ತಾರೆ. ಆಗ ನಾವು ಮನೆಯಿಂದ ನಡೆದೇ ಹೊರಟೆವು. ಚೊಮ್‌ಸೊಂಗ್‌ದೆ, 7ನೇ ಶತಮಾನದಲ್ಲಿ ಸೊಂದೊಕ್ ರಾಣಿಯ ಕಾಲದಲ್ಲಿ ಕಟ್ಟಿದ ಕಲ್ಲಿನ ವೀಕ್ಷಣಾ ಗೋಪುರ, ಸುಮಾರು 9 ಮೀಟರ್ ಎತ್ತರ ಅಷ್ಟೇ, ಬಯಲಲ್ಲಿ ಒಂಟಿಯಾಗಿ ಬೆಳಗುತ್ತಿತ್ತು. ಅಲ್ಲಿಂದ ವೊಲ್ಜಿ ಕೊಳ, 674ರಲ್ಲಿ ತೋಡಿಸಿದ್ದು. ದಡದ ಮಂಟಪಗಳು ನೀರಲ್ಲಿ ತಲೆಕೆಳಗಾಗಿ ಒಂದು ಚೂರೂ ಅಲುಗದೆ ನಿಂತಿದ್ದವು. ಮರುದಿನ ಬೆಳಗ್ಗೆ ಎದ್ದವರೇ ದೇರುಂಗ್‌ವೊನ್ ಸಮಾಧಿ ತೋಟಕ್ಕೆ ಹೋದಾಗ ಗುಡ್ಡಗಳ ಮೇಲೆ ಇನ್ನೂ ಇಬ್ಬನಿ ಇತ್ತು. ಅಲ್ಲಿನ ಚೊನ್ಮಾಚೊಂಗ್ ಅನ್ನುವ ಸಮಾಧಿಯ ಒಳಗೆ ಹೋಗಬಹುದು. 1973ರಲ್ಲಿ ಅಗೆದಾಗ ಚಿನ್ನದ ಕಿರೀಟ ಸೇರಿ 11,500ಕ್ಕೂ ಹೆಚ್ಚು ವಸ್ತು ಸಿಕ್ಕಿದ್ದವು. ಆಮೇಲೆ ಬಸ್ಸಲ್ಲಿ ಬುಲ್ಗುಕ್ಸಾ ದೇವಾಲಯಕ್ಕೆ ಹೋದೆವು, 2023ರಿಂದ ಅಲ್ಲಿ ಪ್ರವೇಶ ಉಚಿತ.

ನಾವಿಬ್ಬರೂ ಕುಡಿಯುವವರಲ್ಲ, ಪಬ್ಬು ಕ್ಲಬ್ಬು ಬೇಕಿಲ್ಲ. ರಾತ್ರಿ ಊಟ ಆದಮೇಲೆ ಎರಡು ಗಂಟೆ ನಡೆಯುವುದು, ಬೆಳಗ್ಗೆ ಬೇಗ ಏಳುವುದು ಅಭ್ಯಾಸ. ಅಂಥವರಿಗೆ ಇದಕ್ಕಿಂತ ಒಳ್ಳೇ ಜಾಗ ನನಗೆ ಕಾಣಲಿಲ್ಲ. ರೂಮಿಗೆ 80 ಸಾವಿರ ವೊನ್ ಆಸುಪಾಸು ಕೊಟ್ಟೆವು, ಇಬ್ಬರಲ್ಲಿ ಹಂಚಿಕೊಂಡರೆ ಹಾಸ್ಟೆಲ್‌ಗಿಂತ ಸ್ವಲ್ಪ ಜಾಸ್ತಿ. ಒಬ್ಬರೇ ಹೋದರೆ ದುಬಾರಿಯೇ. ಬಜೆಟ್ ಬಿಗಿ ಇದ್ದರೆ ಸಿಯೋಲ್‌ನಲ್ಲಿ ಹಾಸ್ಟೆಲ್‌ನಲ್ಲಿದ್ದು ಉಳಿಸಿ, ಆ ದುಡ್ಡು ಇಲ್ಲಿಗೆ ಹಾಕಿ. ಶುಕ್ರವಾರ, ಶನಿವಾರ ಬಾಡಿಗೆ ಏರುತ್ತದೆ, ಭಾನುವಾರದಿಂದ ಗುರುವಾರದೊಳಗೆ ಹೋಗಿ. ಬುಕ್ ಮಾಡುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಬಾತ್‌ರೂಮ್ ರೂಮಿನೊಳಗೇ ಇದೆಯಾ, ಹೆಚ್ಚುವರಿ ಹಾಸಿಗೆ ಕೊಡುತ್ತಾರಾ. ನಮಗೆ ಕೇಳಿದ ಕೂಡಲೇ ಇನ್ನೊಂದು ಹಾಸಿಗೆ ತಂದುಕೊಟ್ಟರು, ಎರಡು ಒಂದರ ಮೇಲೊಂದು ಹಾಸಿಕೊಂಡರೆ ಬೆನ್ನಿಗೂ ತೊಂದರೆ ಇಲ್ಲ.